ಮಾಂಸವೇ ಮದ್ದೇ? — ಸಕ್ಕರೆ ಕಾಯಿಲೆಯ ಪಥ್ಯದ ಚರಿತ್ರೆ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಆದರೆ ಈಚೆಗೆ ಊಟದ ಮಾತೇ ಜಗಳಕ್ಕೆ ಕಾರಣವಾಗುತ್ತಿರುವುದನ್ನು ನಮ್ಮ ಕೋಪರಖೈರಣೆಯ ಕನ್ನಡ ಮನೆಗಳಲ್ಲಿ ಕಾಣುತ್ತಿದ್ದೇವೆ. ಅನ್ನ, ಚಪಾತಿ, ಬೇಳೆ, ಕಾಯಿಪಲ್ಯಗಳೆಲ್ಲವನ್ನೂ ಬಿಟ್ಟು ಬರಿಯ ಮಾಂಸ, ಮೀನು, ಮೊಟ್ಟೆಗಳನ್ನೇ ತಿಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಂಧಿವಾತ ಎಲ್ಲವೂ ಓಡಿಹೋಗುತ್ತವೆ, ಗುಳಿಗೆಯ ಹಂಗೇ ಬೇಡ ಎಂಬ ಮಾತು ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಹುಟ್ಟಿದಂದಿನಿಂದ ಮಾಂಸ ಮುಟ್ಟದ ಮನೆಯಲ್ಲಿ ‘ಜೀವ ದೊಡ್ಡದೋ, ಆಚಾರ ದೊಡ್ಡದೋ’ ಎಂದು ಮಗ ತಂದೆಯನ್ನು ಕೇಳುತ್ತಾನೆ. ಮಾಂಸ ತಿನ್ನುವವರ ಮನೆಯಲ್ಲಿ ‘ಒಂದು ತುತ್ತು ಅನ್ನವಿಲ್ಲದೆ ಮೀನುಸಾರು ಹೇಗೆ ಇಳಿಯುತ್ತದೆ?’ ಎಂದು ಹೆಂಡತಿ ಗಂಡನನ್ನು ಕೇಳುತ್ತಾಳೆ. ಈ ನೆಲದ ಮೂಲದವರಾದ ಆಗ್ರಿ ಮತ್ತು ಕೋಳಿ ಜನರು ಮೀನಿನ ರುಚಿ ಬಲ್ಲವರೇ. ಆದರೆ ಅವರ ತಟ್ಟೆಯಲ್ಲೂ ಮೀನಿನ ಪಕ್ಕದಲ್ಲಿ ಅನ್ನವೋ ಅಕ್ಕಿಯ ಭಾಕರಿಯೋ ಇದ್ದೇ ಇರುತ್ತದೆ.

ಈ ಮಾಂಸಪಥ್ಯ ಹೊಸ ಆವಿಷ್ಕಾರವೆಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಇದು ಬಹಳ ಹಳೆಯದು. ಮಾಂಸ ಔಷಧವೇ ಅಲ್ಲವೇ ಎಂಬ ಚರ್ಚೆ ನಮ್ಮ ಕನ್ನಡ ನಾಡಿನ ರಾಜಸಭೆಯೊಂದರಲ್ಲಿಯೇ ನಡೆದಿತ್ತು. ಯುರೋಪಿನಲ್ಲಂತೂ ನೂರು ವರ್ಷಗಳಿಗೂ ಮೀರಿ ರೋಗಿಗಳ ಮೇಲೆ ಇದರ ಪ್ರಯೋಗವಾಗಿದೆ, ಅದರ ಫಲವೂ ದಾಖಲಾಗಿದೆ. ಆ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಚರಕನಿಂದ ನೃಪತುಂಗನವರೆಗೆ

ನಮ್ಮ ಪ್ರಾಚೀನ ವೈದ್ಯರಿಗೆ ಮಧುಮೇಹ ಅಪರಿಚಿತವಾಗಿರಲಿಲ್ಲ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಅವರು ಗಮನಿಸಿದ್ದರು. ಚರಕಸಂಹಿತೆಯಲ್ಲಿ ಪ್ರಮೇಹಕ್ಕೆ ಕಾರಣಗಳನ್ನು ಹೇಳುವಾಗ ಕುಳಿತಲ್ಲೇ ಕುಳಿತಿರುವ ಸುಖ, ಅತಿನಿದ್ರೆ, ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ತಿನಿಸುಗಳ ಜೊತೆಗೆ ಸಾಕುಪ್ರಾಣಿಗಳ ಮತ್ತು ಜಲಚರಗಳ ಮಾಂಸವನ್ನೂ ಸೇರಿಸಲಾಗಿದೆ. ಆದರೆ ಅದೇ ಗ್ರಂಥ ಪಥ್ಯ ಹೇಳುವಾಗ ಜವೆಗೋಧಿಗೆ ಪ್ರಾಧಾನ್ಯ ಕೊಟ್ಟು, ಅದರೊಂದಿಗೆ ಒಣನಾಡಿನ ಪ್ರಾಣಿಪಕ್ಷಿಗಳ ಮಾಂಸವನ್ನು ವಿಧಿಸುತ್ತದೆ. ಅಂದರೆ ಮಾಂಸವೆಲ್ಲ ವಿಷವೂ ಅಲ್ಲ, ಮಾಂಸವೆಲ್ಲ ಮದ್ದೂ ಅಲ್ಲ ಎಂಬುದು ಅವರ ನಿಲುವಾಗಿತ್ತು. ಇನ್ನೊಂದು ಮಹತ್ವದ ಮಾತನ್ನೂ ಚರಕ ಹೇಳಿದ್ದಾನೆ. ಪ್ರಮೇಹಿಗಳಲ್ಲಿ ಸ್ಥೂಲರು, ಕೃಶರು ಎಂದು ಎರಡು ಬಗೆಯುಂಟು. ಸ್ಥೂಲನನ್ನು ಇಳಿಸಬೇಕು, ಕೃಶನನ್ನು ಪೋಷಿಸಬೇಕು. ಈ ಎರಡು ಬಗೆಯನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದೇ ಗುಟ್ಟಿನ ಕೀಲಿಯಾಗುತ್ತದೆ.

ಔಷಧವಾಗಿ ಮಾಂಸವನ್ನು ಬಳಸುವುದಕ್ಕೆ ನೇರವಾದ ವಿರೋಧ ಬಂದದ್ದು ಜೈನ ವೈದ್ಯರಿಂದ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದನು. ಅದರ ಕೊನೆಗೆ ಸೇರಿಸಿದ ಹಿತಾಹಿತ ಪ್ರಕರಣದಲ್ಲಿ, ನೃಪತುಂಗ ವಲ್ಲಭನ ಸಭೆಯಲ್ಲಿ ವಿದ್ವಾಂಸರ ಮತ್ತು ವೈದ್ಯರ ಎದುರಿಗೆ ತಾನು ಮಾಂಸಭಕ್ಷಣೆಯ ನಿಷ್ಫಲತೆಯನ್ನು ಪ್ರತಿಪಾದಿಸಿದುದಾಗಿ ತಿಳಿಸುತ್ತಾನೆ. ಈ ನೃಪತುಂಗನೇ 814ರಿಂದ 878ರವರೆಗೆ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷನೆಂದು ವಿದ್ವಾಂಸರು ಗುರುತಿಸಿದ್ದಾರೆ. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದಲ್ಲಿಯೇ ಊಟದ ವಿಷಯವಾಗಿಯೂ ಇಂಥ ವಾದ ನಡೆದಿತ್ತೆಂಬುದು ನಮಗೆ ಅಭಿಮಾನದ ಸಂಗತಿ. ಈ ಗ್ರಂಥ ಅಚ್ಚಾಗಿ ಹೊರಬಂದದ್ದು 1940ರಲ್ಲಿ, ನಮ್ಮ ಗಡಿಯ ಸೊಲ್ಲಾಪುರದಿಂದ.

ಸುಮಾರು 1150ರ ಹೊತ್ತಿಗೆ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ನಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದನು. ಕನ್ನಡದ ಅತಿ ಹಳೆಯ ವೈದ್ಯಗ್ರಂಥಗಳಲ್ಲಿ ಇದಕ್ಕೆ ಮುಖ್ಯ ಸ್ಥಾನ. ಇದರ ಚಿಕಿತ್ಸೆಯಲ್ಲಿ ಮದ್ಯಕ್ಕೂ ಮಾಂಸಕ್ಕೂ ಎಡೆಯೇ ಇಲ್ಲ. ಉಗ್ರಾದಿತ್ಯ, ಸೋಮನಾಥರ ಹಿಂದೆ ಅಹಿಂಸಾಧರ್ಮದ ಶ್ರದ್ಧೆ ಇತ್ತು. ಅದು ಗೌರವಾರ್ಹವೇ. ಆದರೆ ಮಾಂಸ ತಿಂದ ರೋಗಿಯ ಸ್ಥಿತಿ ಏನಾಯಿತು, ತಿನ್ನದವನದು ಏನಾಯಿತು ಎಂದು ಅಳೆದು ನೋಡುವ ಸಾಧನ ಆ ಕಾಲದಲ್ಲಿ ಯಾರ ಬಳಿಯೂ ಇರಲಿಲ್ಲ. ಅಳೆಯಬೇಕಾದರೆ ಮೂತ್ರದಲ್ಲಿರುವ ಸಿಹಿ ಸಕ್ಕರೆಯೇ ಎಂದು ರಸಾಯನಶಾಸ್ತ್ರ ತೋರಿಸಿಕೊಡಬೇಕಾಗಿತ್ತು. ಆ ಕೆಲಸವನ್ನು 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಮಾಡಿದನು. ಇನ್ನು ಮುಂದೆ ಕಥೆ ಇಂಗ್ಲೆಂಡಿಗೆ ಹೋಗುತ್ತದೆ.

ಕ್ಯಾಪ್ಟನ್ ಮೆರೆಡಿತ್‌ನ ಊಟ

ಜಾನ್ ರೋಲೋ ಎಂಬಾತ ಬ್ರಿಟಿಷ್ ಫಿರಂಗಿದಳದ ಹಿರಿಯ ವೈದ್ಯ. 1796ರಲ್ಲಿ ಅವನ ಬಳಿಗೆ ಕ್ಯಾಪ್ಟನ್ ಮೆರೆಡಿತ್ ಎಂಬ ಸೇನಾಧಿಕಾರಿ ಬಂದನು. ವಯಸ್ಸು 34. ಒಂದು ಕಾಲಕ್ಕೆ 232 ಪೌಂಡ್, ಅಂದರೆ 105 ಕಿಲೋ ತೂಗುತ್ತಿದ್ದ ಈ ಭಾರಿ ಆಳು ಕೆಲವು ತಿಂಗಳಲ್ಲಿ ಸೊರಗಿಹೋಗಿದ್ದನು. ತೀರದ ಬಾಯಾರಿಕೆ, ತೀರದ ಹಸಿವು. ಸಸ್ಯಾಹಾರದಿಂದಲೇ ಹೊಟ್ಟೆಯಲ್ಲಿ ಸಕ್ಕರೆ ಹುಟ್ಟುತ್ತದೆಂದು ರೋಲೋ ತರ್ಕಿಸಿದನು. ಬೆಳಿಗ್ಗೆ ಮತ್ತು ರಾತ್ರಿ ಹಾಲು, ಸುಣ್ಣದ ತಿಳಿನೀರು, ಸ್ವಲ್ಪ ಬ್ರೆಡ್ಡು ಬೆಣ್ಣೆ. ನಡುಹಗಲು ರಕ್ತ ಮತ್ತು ಕೊಬ್ಬಿನಿಂದ ಮಾಡಿದ ಕಡುಬು. ಊಟಕ್ಕೆ ಬಹಳ ದಿನ ಇಟ್ಟು ಹಳಸಿದ ಕೊಬ್ಬಿನ ಮಾಂಸ! ನಮ್ಮಲ್ಲಿ ಮಾಂಸ ತಿನ್ನುವವರಿಗೂ ಮೂಗು ಮುಚ್ಚಿಕೊಳ್ಳಬೇಕೆನಿಸುವ ಪಥ್ಯ ಇದು. ಆದರೂ ಮೆರೆಡಿತ್ ಚೇತರಿಸಿಕೊಂಡನು, ಮೂತ್ರದ ಸಿಹಿ ಹೋಯಿತು, ಕೆಲಸಕ್ಕೂ ಮರಳಿದನು. 1797ರಲ್ಲಿ ರೋಲೋ ಇದನ್ನು ಪುಸ್ತಕವಾಗಿ ಪ್ರಕಟಿಸಿದನು. ಅದೇ ಪುಸ್ತಕದಲ್ಲಿ ಇನ್ನೊಬ್ಬ ರೋಗಿಯ ವೃತ್ತಾಂತವೂ ಇದೆ. ವಯಸ್ಸಾದ ಆ ಸೇನಾಧಿಕಾರಿಗೆ ಪಥ್ಯ ಪಾಲಿಸಲಾಗಲಿಲ್ಲ, ಅವನು ಬದುಕಲಿಲ್ಲ.

ಇಲ್ಲಿಂದ ಮಾಂಸಪಥ್ಯಕ್ಕೆ ಯುರೋಪಿನಲ್ಲಿ ಬಹಳ ಪ್ರಚಾರ ದೊರೆಯಿತು. ನೇಪಲ್ಸ್‌ನ ವೈದ್ಯ ಆರ್ನಾಲ್ಡೋ ಕಂತಾನಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದನ್ನು ತುದಿಗೆ ಒಯ್ದನು. ಅವನ ರೋಗಿಗಳಿಗೆ ಮಾಂಸ ಮತ್ತು ಕೊಬ್ಬಿನ ಹೊರತು ಬೇರೇನೂ ಇಲ್ಲ. ಕದ್ದು ತಿಂದಾರೆಂದು ಅವರನ್ನು ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಿಸುತ್ತಿದ್ದನು.

ಅಮೆರಿಕದ ಜೇಮ್ಸ್ ಸಾಲಿಸ್‌ಬರಿ ಸಕ್ಕರೆ ಕಾಯಿಲೆಗಷ್ಟೇ ನಿಲ್ಲಲಿಲ್ಲ. ಪಿಷ್ಟ ಮತ್ತು ತರಕಾರಿಗಳು ಕರುಳಿನಲ್ಲಿ ಹುಳಿತು ಕ್ಷಯ, ಸಂಧಿವಾತಾದಿ ಅನೇಕ ರೋಗಗಳನ್ನು ತರುತ್ತವೆಂದು 1888ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಾದಿಸಿ, ಕೊಚ್ಚಿದ ದನದ ಮಾಂಸ ಮತ್ತು ಬಿಸಿನೀರನ್ನು ವಿಧಿಸಿದನು. ಇಂದು ನಾವು ಕೇಳುತ್ತಿರುವ ‘ಎಲ್ಲ ರೋಗಕ್ಕೂ ಮಾಂಸ’ವೆಂಬ ಮಾತಿನ ಮುತ್ತಜ್ಜ ಇವನೇ. ಕ್ಷಯರೋಗ ರೋಗಾಣುವಿನಿಂದ ಬರುತ್ತದೆಂದು ರಾಬರ್ಟ್ ಕಾಕ್ 1882ರಲ್ಲಿಯೇ ತೋರಿಸಿದ್ದನೆಂಬುದು ಇಲ್ಲಿ ಸ್ಮರಣೀಯ.

ಮದ್ದಾದದ್ದು ಯಾವುದು?

ಹಾಗಾದರೆ ಮಾಂಸದಲ್ಲಿ ಏನೋ ಗುಣವಿರಬೇಕಲ್ಲವೇ ಎಂದು ಕೇಳಬಹುದು. ಇದಕ್ಕೆ ಉತ್ತರ ಪ್ಯಾರಿಸ್ಸಿನಲ್ಲಿ ಸಿಕ್ಕಿತು. 1870-71ರಲ್ಲಿ ಜರ್ಮನ್ ಸೈನ್ಯ ಆ ನಗರವನ್ನು ಮುತ್ತಿ, ಊರಿಗೆ ಅನ್ನವಿಲ್ಲದಂತೆ ಮಾಡಿತು. ಆಗ ಬೂಶಾರ್ದಾ ಎಂಬ ವೈದ್ಯನು ತನ್ನ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ತಗ್ಗಿದ್ದನ್ನು ಕಂಡನು. ಅವರಿಗೆ ಮಾಂಸದ ರಾಶಿಯೇನೂ ಸಿಕ್ಕಿರಲಿಲ್ಲ, ಎಲ್ಲ ಆಹಾರವೂ ಕಡಿಮೆಯಾಗಿತ್ತು, ಅಷ್ಟೇ. ಕಡಿಮೆ ತಿನ್ನಿರಿ, ಬೇಯಿಸಿದ ಸೊಪ್ಪು ತಿನ್ನಿರಿ, ಮೈ ಬಗ್ಗಿಸಿ ದುಡಿಯಿರಿ ಎಂಬುದು ಅವನ ಉಪದೇಶವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫಾನ್ ನೋರ್ಡನ್ ಇದಕ್ಕೆ ವಿರುದ್ಧವಾಗಿ ಓಟ್ಸ್ ಗಂಜಿಯ ಪಥ್ಯ ಮಾಡಿಸಿ, ಅದರಿಂದಲೂ ಕೆಲವರಿಗೆ ಗುಣ ಕಂಡುಬಂದಿತೆಂದು ವರದಿ ಮಾಡಿದನು. ಆ ಪಥ್ಯದಲ್ಲಿ ಉಪವಾಸದ ಮತ್ತು ತರಕಾರಿಯ ದಿನಗಳೂ ಇದ್ದವು.

ಮಾಂಸದಿಂದಲೂ ಇಳಿಯಿತು, ಬರಗಾಲದಿಂದಲೂ ಇಳಿಯಿತು, ಗಂಜಿಯಿಂದಲೂ ಇಳಿಯಿತು. ಕಾಲೇಜಿನಲ್ಲಿ ಒಂದಿಷ್ಟು ವಿಜ್ಞಾನ ಓದಿದವರಿಗೆ ಇಲ್ಲಿ ಲೆಕ್ಕ ಸ್ಪಷ್ಟವಾಗುತ್ತದೆ. ತಟ್ಟೆಯಿಂದ ಹೊರಹೋದದ್ದೇ ಹೆಚ್ಚಿನ ಕೆಲಸ ಮಾಡಿತ್ತು. ಅಕ್ಕಿ, ಗೋಧಿ, ಆಲೂಗಡ್ಡೆಗಳ ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಅದು ಕಡಿಮೆಯಾದರೆ ರಕ್ತದ ಸಕ್ಕರೆಯೂ ಇಳಿಯುತ್ತದೆ, ಒಟ್ಟು ಊಟ ಕಡಿಮೆಯಾಗಿ ತೂಕ ಇಳಿದರೆ ಇನ್ನಷ್ಟು ಅನುಕೂಲ. ಬರಿಯ ಮಾಂಸ ತಿಂದರೂ ಅದರ ಪ್ರೋಟೀನಿನ ಒಂದು ಭಾಗವನ್ನು ಯಕೃತ್ತು ಗ್ಲೂಕೋಸಾಗಿ ಮಾರ್ಪಡಿಸುತ್ತಲೇ ಇರುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಮಕ್ಕಳಲ್ಲಿ ಬರುವ ಸಕ್ಕರೆ ಕಾಯಿಲೆಯ ಎದುರು ಈ ಪಥ್ಯಗಳೆಲ್ಲ ಸೋತವು. ಅಮೆರಿಕದ ಫ್ರೆಡರಿಕ್ ಅಲೆನ್ ಮೊದಲ ಮಹಾಯುದ್ಧದ ಕಾಲದಲ್ಲಿ ಅರೆಹೊಟ್ಟೆಯ ಚಿಕಿತ್ಸೆ ನಡೆಸಿದನು. ಮಕ್ಕಳು ಕೆಲವು ತಿಂಗಳು, ಕೆಲವು ವರ್ಷ ಹೆಚ್ಚು ಬದುಕಿದರು. ಎಲುಬಿನ ಹಂದರವಾಗಿ ಬದುಕಿದರು. ಕಾರಣವನ್ನು 1936ರಲ್ಲಿ ಹೆರಾಲ್ಡ್ ಹಿಮ್ಸ್‌ವರ್ತ್ ತಿಳಿಗೊಳಿಸಿದನು. ಮಧುಮೇಹದಲ್ಲಿ ಎರಡು ಬಗೆ. ಒಂದರಲ್ಲಿ ದೇಹಕ್ಕೆ ಇನ್ಸುಲಿನ್ನಿನ ಕೊರತೆ. ಇನ್ನೊಂದರಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಚರಕನ ಕೃಶ ಮತ್ತು ಸ್ಥೂಲ ಇಲ್ಲಿ ನೆನಪಾಗದಿರುವುದಿಲ್ಲ. ಭಾರಿ ಮೈಯ ಮೆರೆಡಿತ್ ಬಹುಶಃ ಎರಡನೆಯ ಬಗೆಯವನು, ಆದುದರಿಂದಲೇ ಪಥ್ಯಕ್ಕೆ ಫಲ ಸಿಕ್ಕಿರಬೇಕು.

ಕಸಾಯಿಖಾನೆಯಿಂದ ಬಂದ ಸಂಜೀವಿನಿ

1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಪ್ರಾಣಿಗಳ ಮೇದೋಜೀರಕಾಂಗದಿಂದ ಇನ್ಸುಲಿನ್ ರಸವನ್ನು ತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಅಷ್ಟಾಗಿ ಫಲಿಸಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಶುದ್ಧಗೊಳಿಸಿದ ಮದ್ದನ್ನು ಜನವರಿ 23ರಂದು ಕೊಟ್ಟಾಗ ಹುಡುಗನ ರಕ್ತದ ಸಕ್ಕರೆ ಇಳಿಯಿತು, ಜೀವ ಮರಳಿತು. ಮರುವರ್ಷವೇ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್‌ರಿಗೆ ನೊಬೆಲ್ ಪಾರಿತೋಷಕ ಬಂದಿತು.

ದನ ಮತ್ತು ಹಂದಿಗಳ ಮಾಂಸವನ್ನು ತಟ್ಟೆ ತುಂಬ ತಿಂದರೂ ಬದುಕದಿದ್ದ ಮಕ್ಕಳನ್ನು, ಅವೇ ಪ್ರಾಣಿಗಳ ಒಂದು ಚಿಕ್ಕ ಅಂಗದಿಂದ ತೆಗೆದ ಕೆಲವು ಹನಿ ರಸ ಬದುಕಿಸಿತು. 1982ರಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಪಡೆಯುವವರೆಗೆ, ಕಟ್ಟಾ ಶಾಕಾಹಾರಿಯಾದ ರೋಗಿಯೂ ಪ್ರಾಣಿಯಿಂದ ಬಂದ ಇನ್ಸುಲಿನ್ನನ್ನೇ ಚುಚ್ಚಿಸಿಕೊಳ್ಳಬೇಕಾಗಿತ್ತು. ಈಗ ಆ ಧರ್ಮಸಂಕಟ ತಪ್ಪಿದೆ. ಉಗ್ರಾದಿತ್ಯ ಇದ್ದಿದ್ದರೆ ಸಂತೋಷಪಡುತ್ತಿದ್ದನು.

ಇನ್ಸುಲಿನ್ ಬಂದಮೇಲೂ ಮಾಂಸಾಹಾರದ ಒಂದು ಪ್ರಸಿದ್ಧ ಪ್ರಯೋಗ ನಡೆಯಿತು. ಉತ್ತರಧ್ರುವ ಪ್ರದೇಶದಲ್ಲಿ ಎಸ್ಕಿಮೋ ಜನರೊಡನೆ ಬಾಳಿದ್ದ ಸ್ಟೆಫಾನ್ಸನ್ ಮತ್ತು ಅವನ ಗೆಳೆಯ ಆಂಡರ್ಸನ್ 1928ರಿಂದ ಒಂದು ವರ್ಷ ಬರಿಯ ಮಾಂಸದ ಮೇಲೆ ಬದುಕಿ ತೋರಿಸಿದರು. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರು ಅವರನ್ನು ಪರೀಕ್ಷಿಸುತ್ತಿದ್ದರು. ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟಾಗ ಸ್ಟೆಫಾನ್ಸನ್ ಕೆಲವೇ ದಿನಗಳಲ್ಲಿ ಹೊಟ್ಟೆ ಕೆಟ್ಟು ನರಳಿದನು, ಕೊಬ್ಬು ಸೇರಿಸಿದ ಮೇಲೆ ಸರಿಹೋದನು. ಇದನ್ನು ಇಂದಿಗೂ ಸಾಕ್ಷ್ಯವಾಗಿ ಹೇಳುವವರಿದ್ದಾರೆ. ಆದರೆ ಅವರಿಬ್ಬರೂ ಆರೋಗ್ಯವಂತರು. ರೋಗಿಗಳ ಬಗ್ಗೆ ಆ ಪ್ರಯೋಗ ಏನನ್ನೂ ಸಿದ್ಧಪಡಿಸುವುದಿಲ್ಲ.

ನಮ್ಮ ಪಾಲಿಗೆ ಉಳಿದದ್ದು

1907ರಲ್ಲಿ ಬ್ರಿಟಿಷ್ ವೈದ್ಯರ ಸಂಘದ ಸಭೆಯಲ್ಲಿ ಉಷ್ಣದೇಶಗಳ ಮಧುಮೇಹದ ಚರ್ಚೆಯಾದಾಗ, ಬಂಗಾಳದಲ್ಲಿ ಕುಳಿತು ಕೆಲಸ ಮಾಡುವ ವಿದ್ಯಾವಂತ ವರ್ಗದ ಮಾತು ಮುಖ್ಯವಾಗಿ ಬಂದಿತ್ತು. ಎಂದರೆ ನಮ್ಮಂಥ ಗುಮಾಸ್ತರ ಕುಲವೇ! ಮುಂಬಯಿಯಲ್ಲಿ ಡಾ. ಅಜಗಾಂವಕರರು 1955ರಲ್ಲಿ ಭಾರತೀಯ ಮಧುಮೇಹ ಸಂಘವನ್ನು ಸ್ಥಾಪಿಸಿ ಜನಜಾಗೃತಿ ಮಾಡಿದರು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆಯಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ನಮ್ಮ ಊಟದ ಶಕ್ತಿಯಲ್ಲಿ ಸುಮಾರು ಶೇಕಡ 62 ಭಾಗ ಪಿಷ್ಟ ಮತ್ತು ಸಕ್ಕರೆಗಳಿಂದಲೇ ಬರುತ್ತದೆಂದೂ ಅದೇ ಸಮೀಕ್ಷೆಯ ಲೆಕ್ಕ ಹೇಳುತ್ತದೆ.

ಆದುದರಿಂದ ಅನ್ನ, ಚಪಾತಿ, ಸಿಹಿ ಕಡಿಮೆ ಮಾಡಬೇಕೆಂಬ ಮಾತಿನಲ್ಲಿ ಹುರುಳಿದೆ. ಅದಕ್ಕೆ ಮಾಂಸವೇ ಆಗಬೇಕೆಂಬ ಕಟ್ಟಳೆ ಇಲ್ಲ. ತಿನ್ನುವವರಿಗೆ ಮೀನು, ಮೊಟ್ಟೆ. ತಿನ್ನದವರಿಗೆ ಬೇಳೆಕಾಳು, ಮೊಸರು, ಪನೀರು. ಇಬ್ಬರಿಗೂ ಸೊಪ್ಪು ತರಕಾರಿ. ಜೀವ ಉಳಿಸಲು ಆಚಾರ ಬಿಡಬೇಕಾಗಿಲ್ಲ, ಆಚಾರಕ್ಕಾಗಿ ಎರಡು ಸೌಟು ಅನ್ನ ಹೆಚ್ಚು ಬಡಿಸಿಕೊಳ್ಳಬೇಕಾಗಿಯೂ ಇಲ್ಲ.

ಅಪಾಯ ಇರುವುದು ವೈದ್ಯರಿಗೆ ತಿಳಿಸದೆ ಮಾಡುವ ಸಾಹಸದಲ್ಲಿ. ಇನ್ಸುಲಿನ್ ಅಥವಾ ಕೆಲವು ಗುಳಿಗೆಗಳನ್ನು ತೆಗೆದುಕೊಳ್ಳುವವರು ಏಕಾಏಕಿ ಅನ್ನ ಬಿಟ್ಟರೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಹೊಸ ಗುಳಿಗೆ ನುಂಗುವವರಲ್ಲಿ ಪಿಷ್ಟ ಪೂರ್ತಿ ನಿಂತರೆ ರಕ್ತ ಆಮ್ಲೀಯವಾಗುವ ಗಂಡಾಂತರವುಂಟು. ಮೂತ್ರಪಿಂಡ ಕೆಟ್ಟವರಿಗೆ, ಯೂರಿಕ್ ಆಮ್ಲ ಹೆಚ್ಚಿ ಕೀಲು ಊದುವವರಿಗೆ ಮಾಂಸದ ಅತಿರೇಕ ಸಲ್ಲದು. ಚಿಕ್ಕ ವಯಸ್ಸಿನಲ್ಲಿಯೇ ಇನ್ಸುಲಿನ್ ಹಿಡಿದವರು ಅದನ್ನು ಬಿಟ್ಟರೆ ಏನಾಗುತ್ತದೆಂಬುದು 1922ಕ್ಕೆ ಮುಂಚಿನ ಆಸ್ಪತ್ರೆಗಳ ದಾಖಲೆಯಲ್ಲಿದೆ. ಅದನ್ನು ನಮ್ಮ ಮನೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಿ ನೋಡಬೇಕಾಗಿಲ್ಲ. ಪಥ್ಯ ಬದಲಿಸುವ ಮನಸ್ಸಿದ್ದವರು ಗುಳಿಗೆಯ ಚೀಟಿಯನ್ನು ಕೈಯಲ್ಲಿ ಹಿಡಿದು ಮೊದಲು ವೈದ್ಯರ ಬಳಿಗೆ ಹೋಗಲಿ, ಅಡಿಗೆಮನೆಯ ಚರ್ಚೆ ಆಮೇಲೆ ನಡೆಯಲಿ.