ಪಿಪಿಡಿ: ಕೂದಲಿಗೆ ಕಪ್ಪು, ಮೈಗೆ ನಂಜು

ನರೆಗೂದಲನ್ನು ಕಪ್ಪಾಗಿಸುವ ಹೇರ್ ಡೈ ಪುಡಿಯಾಗಿರಲಿ, ಕ್ರೀಮಾಗಿರಲಿ, ಅದರ ಪ್ಯಾಕೆಟ್ಟಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಬಹಳಷ್ಟು ಸಲ ಕಾಣಸಿಗುವ ಹೆಸರು ಪ್ಯಾರಾ-ಫಿನೈಲೀನ್‌ಡೈಅಮೀನ್. ಚರ್ಮವೈದ್ಯರೂ ರಸಾಯನಶಾಸ್ತ್ರದವರೂ ಇದನ್ನು ಚಿಕ್ಕದಾಗಿ ಪಿಪಿಡಿ ಎನ್ನುತ್ತಾರೆ. ಆರೊಮ್ಯಾಟಿಕ್ ಡೈಅಮೀನ್‌ಗಳೆಂಬ ದೊಡ್ಡ ಕುಟುಂಬದಲ್ಲಿ ಜನಸಾಮಾನ್ಯರ ಮೈಗೆ ಅತಿ ಹೆಚ್ಚಾಗಿ ತಾಗುವ ವಸ್ತುಗಳಲ್ಲಿ ಇದೂ ಒಂದು. ಗುಂಡು ತಡೆಯುವ ಅಂಗಿಯ ನೂಲಿಗೂ ಇದು ಬೇಕು. ಕಾರ್ಖಾನೆಯಲ್ಲಿ ಇದರೊಡನೆ ಕೆಲಸ ಮಾಡುವವರು ಕೈಗವಸು, ಮುಖಗವಸು, ರಕ್ಷಣಾ ಕನ್ನಡಕ ಇಲ್ಲದೆ ಹತ್ತಿರ ಸುಳಿಯುವಂತಿಲ್ಲ. ಅದೇ ವಸ್ತು ನಮ್ಮ ಬಚ್ಚಲುಮನೆಗಳಲ್ಲಿ ಬರಿಗೈಗೆ ಸಿಗುತ್ತಿದೆ.

ಅಣುವಿನ ಸ್ವರೂಪ

ಬೆಂಜೀನಿನ ಆರು ಇಂಗಾಲಗಳ ಉಂಗುರಕ್ಕೆ ಎರಡು ಅಮೈನೋ ಗುಂಪುಗಳು ಸೇರಿದರೆ ಫಿನೈಲೀನ್‌ಡೈಅಮೀನ್ ಆಗುತ್ತದೆ. ಆ ಎರಡು ಗುಂಪುಗಳು ಅಕ್ಕಪಕ್ಕದಲ್ಲಿದ್ದರೆ ಆರ್ಥೊ, ನಡುವೆ ಒಂದು ಇಂಗಾಲ ಬಿಟ್ಟಿದ್ದರೆ ಮೆಟಾ, ಎದುರುಬದುರಾಗಿದ್ದರೆ ಪ್ಯಾರಾ. ಮೂರಕ್ಕೂ ಅಣುತೂಕ ಒಂದೇ, ಸುಮಾರು 108. ಆದರೆ ಒಂದೊಂದರ ದಾರಿಯೂ ಬೇರೆ. ಆರ್ಥೊ ರೂಪದಿಂದ ಕಾರ್ಬೆಂಡಜಿಮ್ ತಯಾರಾಗುತ್ತದೆ. ಬೀಜೋಪಚಾರಕ್ಕೂ ಸಿಂಪರಣೆಗೂ ನಮ್ಮ ರೈತರು ಬಳಸುತ್ತ ಬಂದಿರುವ ಶಿಲೀಂಧ್ರನಾಶಕ ಅದು. ಮೆಟಾ ರೂಪದಿಂದ ಬೆಂಕಿ ತಡೆಯುವ ನೊಮೆಕ್ಸ್ ನೂಲು ಬರುತ್ತದೆ. ಈ ಲೇಖನದಲ್ಲಿ ಹೇಳಹೊರಟಿರುವುದು ಪ್ಯಾರಾ ರೂಪದ ಬಗ್ಗೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್ 1863ರಲ್ಲಿ ಇದನ್ನು ವಿವರಿಸಿದ.

ಶುದ್ಧ ಪಿಪಿಡಿ ಬಿಳಿ ಹರಳು. ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ದ್ರವವಾಗುತ್ತದೆ, 267 ಡಿಗ್ರಿಯಲ್ಲಿ ಕುದಿಯುತ್ತದೆ. ತಣ್ಣೀರಿನಲ್ಲಿ ಕರಗುವುದು ಶೇ 4ರಷ್ಟು ಮಾತ್ರ; ಆಲ್ಕೊಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಬಿಳಿ ಉಳಿಯುವುದಿಲ್ಲ: ಗಾಳಿ ಬೆಳಕು ತಾಗಿದಂತೆ ಹರಳು ಮೊದಲು ನಸುಗೆಂಪಾಗಿ, ಆಮೇಲೆ ನೇರಳೆ, ಕಂದು, ಕೊನೆಗೆ ಕಪ್ಪಿಗೆ ತಿರುಗುತ್ತದೆ.

ಈ ಬಣ್ಣಗೆಡುವ ಗುಣದಲ್ಲೇ ಪಿಪಿಡಿಯ ಇಡೀ ಕಥೆ ಅಡಗಿದೆ. ಎದುರುಬದುರು ಕೂತ ಎರಡು ಅಮೈನೋ ಗುಂಪುಗಳು ಉಂಗುರಕ್ಕೆ ಎಲೆಕ್ಟ್ರಾನುಗಳನ್ನು ಒದಗಿಸುತ್ತವೆ. ಹಾಗಾಗಿ ಈ ಅಣು ಬಹಳ ಸುಲಭವಾಗಿ ಎಲೆಕ್ಟ್ರಾನು ಕಳೆದುಕೊಳ್ಳುತ್ತದೆ, ಅಂದರೆ ಉತ್ಕರ್ಷಣಗೊಳ್ಳುತ್ತದೆ. ಆಗ ಹುಟ್ಟುವುದು ಕ್ವಿನೋನ್‌ಡೈಇಮೀನ್ ಎಂಬ ಅಸ್ಥಿರ ಅಣು. ಅದಕ್ಕೆ ಒಂಟಿಯಾಗಿರಲು ಆಗದು. ಸುತ್ತ ಸಿಕ್ಕಿದ್ದರ ಜೊತೆ ಬೆಸೆದುಕೊಳ್ಳುತ್ತದೆ. ತಕ್ಕ ಜೊತೆಗಾರ ಅಣು ಸಿಕ್ಕರೆ ಬಣ್ಣ, ಚರ್ಮದ ಪ್ರೋಟೀನು ಸಿಕ್ಕರೆ ಅಲರ್ಜಿ. ಉಪಯೋಗವೂ ಅಪಾಯವೂ ಒಂದೇ ಗುಣದಿಂದ ಬಂದವು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತೆಗೆದುಹಾಕುವುದು ಈ ಅಣುವಿನ ಮಟ್ಟಿಗೆ ಸಾಧ್ಯವಿಲ್ಲ.

ತಯಾರಿಕೆ

ಪ್ಯಾರಾ-ನೈಟ್ರೊಕ್ಲೋರೊಬೆಂಜೀನನ್ನು ಒತ್ತಡದಲ್ಲಿ ಅಮೋನಿಯಾ ಜೊತೆ ಕಾಯಿಸಿದರೆ ನೈಟ್ರೊಅನಿಲೀನ್ ಸಿಗುತ್ತದೆ. ಅದಕ್ಕೆ ವೇಗವರ್ಧಕದ ನೆರವಿನಿಂದ ಜಲಜನಕ ಸೇರಿಸಿದರೆ ಪಿಪಿಡಿ. ಅನಿಲೀನಿನಿಂದಲೇ ಹೊರಡುವ ಇನ್ನೊಂದು ವಿಧಾನವೂ ಇದೆ. ಭಾರತದಲ್ಲಿ ಈ ಬಗೆಯ ರಾಸಾಯನಿಕಗಳ ತಯಾರಿಕೆ ಹೆಚ್ಚಾಗಿ ಗುಜರಾತ್ ಮತ್ತು ಮಹಾರಾಷ್ಟ್ರದ ಕೈಗಾರಿಕಾ ಪಟ್ಟಿಗಳಲ್ಲಿ ನಡೆಯುತ್ತದೆ.

ಕೂದಲೊಳಗಿನ ಕೆಲಸ

ಪಿಪಿಡಿ ಸ್ವತಃ ಬಣ್ಣವಲ್ಲ. ಬಣ್ಣ ಹುಟ್ಟುವುದು ಕೂದಲೆಳೆಯ ಒಳಗೆ. ಡೈಯಲ್ಲಿರುವ ಅಮೋನಿಯಾದಂಥ ಕ್ಷಾರ ಕೂದಲಿನ ಹೊರಪೊರೆಯನ್ನು ಉಬ್ಬಿಸಿ ದಾರಿ ಬಿಡಿಸುತ್ತದೆ. ಚಿಕ್ಕದಾದ ಪಿಪಿಡಿ ಅಣು ಒಳಗೆ ನುಸುಳುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಅದನ್ನು ಉತ್ಕರ್ಷಿಸುತ್ತದೆ. ಹಾಗೆ ಹುಟ್ಟಿದ ಕ್ವಿನೋನ್‌ಡೈಇಮೀನು ರಿಸಾರ್ಸಿನಾಲ್, ಅಮೈನೋಫಿನಾಲ್ ಮುಂತಾದ ಜೊತೆಗಾರ ಅಣುಗಳೊಡನೆ ಬೆಸೆದು ದೊಡ್ಡದಾದ ಬಣ್ಣದ ಅಣುವಾಗುತ್ತದೆ. ದೊಡ್ಡದಾದ ಮೇಲೆ ಬಂದ ದಾರಿಯಲ್ಲಿ ಹೊರಬೀಳಲಾಗದು. ಎಷ್ಟು ಸಲ ತಲೆಗೆ ನೀರು ಹಾಕಿಕೊಂಡರೂ ಬಣ್ಣ ಹೋಗದಿರುವುದಕ್ಕೆ ಕಾರಣ ಇದೇ. ಯಾವ ಜೊತೆಗಾರ ಅಣುವನ್ನು ಸೇರಿಸಿದ್ದಾರೆ ಎನ್ನುವುದರ ಮೇಲೆ ಕಪ್ಪೋ ಕಂದೋ ನಿರ್ಧಾರವಾಗುತ್ತದೆ.

1880ರ ದಶಕದಲ್ಲೇ ಯುರೋಪಿನಲ್ಲಿ ಈ ವಿಧಾನಕ್ಕೆ ಪೇಟೆಂಟ್ ಆಗಿತ್ತು. ಪ್ರಾಣಿಗಳ ತುಪ್ಪಳಕ್ಕೆ ಬಣ್ಣ ಹಾಕುವ ಜರ್ಮನಿಯ ಕಾರ್ಖಾನೆಗಳಲ್ಲಿ ಪಿಪಿಡಿ ಉರ್ಸೋಲ್ ಎಂಬ ವ್ಯಾಪಾರಿ ಹೆಸರಿನಲ್ಲಿ ಬಳಕೆಯಲ್ಲಿತ್ತು. ಅಲ್ಲಿನ ಕೆಲಸಗಾರರಿಗೆ ಉಬ್ಬಸ ಕಾಣಿಸಿಕೊಂಡು, ವೈದ್ಯರು ಅದನ್ನು ಉರ್ಸೋಲ್ ಆಸ್ತಮಾ ಎಂದೇ ಕರೆದರು. ಅಂದರೆ ಈ ಅಣುವಿನ ಕೇಡು ಗೊತ್ತಾಗಿ ನೂರು ವರ್ಷವಾಯಿತು.

ಬೇರೆ ಉದ್ಯಮಗಳು

ಪಿಪಿಡಿಯನ್ನು ಟೆರೆಫ್ತಲಾಯ್ಲ್ ಕ್ಲೋರೈಡ್ ಜೊತೆ ಸೇರಿಸಿ ನೇರ, ಬಿಗಿಯಾದ ಸರಪಳಿಗಳನ್ನು ಕಟ್ಟಿದರೆ ಕೆವ್ಲಾರ್. ಅಮೆರಿಕದ ಡ್ಯುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಇಂಥ ಪಾಲಿಮರಿನ ವಿಚಿತ್ರ ದ್ರಾವಣವೊಂದನ್ನು ಕಂಡು, ಅದರಿಂದ ನೂಲು ಎಳೆದು ನೋಡುವಂತೆ ಪಟ್ಟುಹಿಡಿದದ್ದು ಇದಕ್ಕೆ ದಾರಿ ಮಾಡಿತು. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿನ ಐದು ಪಟ್ಟು ಗಟ್ಟಿಯೆನ್ನುವ ಈ ನೂಲು ಗುಂಡುನಿರೋಧಕ ಅಂಗಿ, ಆಪ್ಟಿಕಲ್ ಫೈಬರ್ ಕೇಬಲ್, ಬ್ರೇಕ್ ಪ್ಯಾಡುಗಳಲ್ಲಿದೆ. ನೂಲಾದ ಮೇಲೆ ಅಣು ಸರಪಳಿಯಲ್ಲಿ ಬಂಧಿತ. ಅಂಗಿ ತೊಟ್ಟವರಿಗೆ ಪಿಪಿಡಿಯ ಭಯವಿಲ್ಲ.

ಬಣ್ಣದ ಫಿಲ್ಮನ್ನು ಸಂಸ್ಕರಿಸುವ ಡೆವಲಪರುಗಳೂ ಇದೇ ಕುಟುಂಬದವು. 1912ರಲ್ಲಿ ಜರ್ಮನಿಯ ರುಡಾಲ್ಫ್ ಫಿಶರ್ ತೋರಿಸಿದ ಮಾರ್ಗ ಅದು. ಪೂರ್ಣ ವರ್ಣದ ಮೊದಲ ಕನ್ನಡ ಚಿತ್ರವಾದ 1964ರ ‘ಅಮರಶಿಲ್ಪಿ ಜಕಣಾಚಾರಿ’ಯಿಂದ ಹಿಡಿದು ಡಿಜಿಟಲ್ ಬರುವ ತನಕ ತೆರೆಯ ಮೇಲಿನ ಬಣ್ಣಗಳು ಮೂಡಿದ್ದು ಇಂಥ ದ್ರಾವಣಗಳಲ್ಲಿ. ಲ್ಯಾಬಿನ ಕೆಲಸಗಾರರ ಕೈಗೆ ತುರಿಕಜ್ಜಿ ಬರುತ್ತಿದ್ದುದೂ ಅವುಗಳಿಂದಲೇ.

ಟಯರಿನ ವಿಷಯ ಇನ್ನೂ ಗಂಭೀರ. ಗಾಳಿಯಲ್ಲಿರುವ ಓಜೋನ್ ರಬ್ಬರನ್ನು ಬಿರುಕುಬಿಡಿಸುತ್ತದೆ. ಅದನ್ನು ತಡೆಯಲು ಪಿಪಿಡಿಯ ಸಂಬಂಧಿ 6ಪಿಪಿಡಿಯನ್ನು ಟಯರಿನಲ್ಲಿ ಬೆರೆಸುತ್ತಾರೆ. ಅದು ನಿಧಾನಕ್ಕೆ ಮೇಲ್ಮೈಗೆ ಬಂದು, ಓಜೋನಿಗೆ ತಾನೇ ಬಲಿಯಾಗಿ ರಬ್ಬರನ್ನು ಕಾಪಾಡುತ್ತದೆ. ಅಮೆರಿಕದ ಸಿಯಾಟಲ್ ಸುತ್ತಲಿನ ತೊರೆಗಳಿಗೆ ಮೊಟ್ಟೆಯಿಡಲು ಬರುವ ಕೋಹೊ ಸಾಲ್ಮನ್ ಮೀನುಗಳು ಮಳೆ ಬಂದ ಕೂಡಲೇ ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಎಷ್ಟೋ ವರ್ಷ ಕಾರಣ ತಿಳಿದಿರಲಿಲ್ಲ. 2020ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಉತ್ತರ ಕೊಟ್ಟಿತು: 6ಪಿಪಿಡಿ ಓಜೋನ್ ಜೊತೆ ವರ್ತಿಸಿದಾಗ ಹುಟ್ಟುವ ಕ್ವಿನೋನ್, ಸವೆದ ಟಯರಿನ ಪುಡಿಯಿಂದ ಮಳೆನೀರಿನೊಡನೆ ಹರಿದು ಬಂದು ಮೀನುಗಳನ್ನು ಕೊಲ್ಲುತ್ತಿತ್ತು. ಟಯರನ್ನು ಕಾಯಲು ಬೆರೆಸಿದ್ದೇ ತೊರೆಗೆ ಸೇರಿ ವಿಷವಾಗಿತ್ತು.

ಮೈಗೆ ಆಗುವ ಹಾನಿ

ಪಿಪಿಡಿಯ ಮೊದಲ ಗುರಿ ಚರ್ಮ. ಮೊದಲ ಬಾರಿ ಹಚ್ಚಿದಾಗ, ಎರಡನೆಯ ಬಾರಿ ಹಚ್ಚಿದಾಗ ಏನೂ ಆಗದಿರಬಹುದು. ಒಳಗೆ ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತಿಟ್ಟುಕೊಂಡಿದ್ದರೆ, ಮುಂದೊಂದು ದಿನ ಹಚ್ಚಿದ ಒಂದೆರಡು ದಿನಗಳಲ್ಲಿ ನೆತ್ತಿ, ಹಣೆ, ಕಿವಿಯ ಹಿಂಭಾಗ ಕೆಂಪೇರಿ ತುರಿಸುತ್ತದೆ. ರೆಪ್ಪೆಗಳು ಕಣ್ಣು ಮುಚ್ಚಿಕೊಳ್ಳುವಷ್ಟು ಊದಿಕೊಳ್ಳುತ್ತವೆ. ‘ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ’ ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಜೊತೆಗೆ ಬೆಂಜೊಕೇನಿನಂಥ ಮರಗಟ್ಟಿಸುವ ಔಷಧಗಳಿಗೆ, ಕೆಲವು ಸಲ್ಫಾ ಔಷಧಗಳಿಗೆ, ಬಟ್ಟೆಯ ಕೆಲವು ಬಣ್ಣಗಳಿಗೂ ಮೈ ಮುನಿಯಬಹುದು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2006ರಲ್ಲಿ ಪಿಪಿಡಿಯನ್ನೇ ವರ್ಷದ ಅಲರ್ಜಿಕಾರಕ ಎಂದು ಸಾರಿ ವೈದ್ಯರ ಗಮನ ಸೆಳೆಯಿತು.

ನಮ್ಮಲ್ಲಿ ಹೆಚ್ಚು ಮೋಸ ಮಾಡುವುದು ಕಪ್ಪು ಮೆಹಂದಿ. ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಕೊಡುವುದು ಕಿತ್ತಳೆ, ಕೆಂಪು, ಹೆಚ್ಚೆಂದರೆ ಕಡುಗಂದು. ಬರೀ ಮದರಂಗಿ ಯಾವತ್ತೂ ಕಾಡಿಗೆಯ ಕಪ್ಪು ಕೊಡುವುದಿಲ್ಲ. ಗಂಟೆಯೊಳಗೆ ಅಚ್ಚಕಪ್ಪಾಗುವ ಮೆಹಂದಿಯಲ್ಲಿ ಪಿಪಿಡಿ ಇರುವ ಸಂಭವ ಬಹಳ. ಜಾತ್ರೆಯಲ್ಲೋ ಕಡಲತೀರದಲ್ಲೋ ಇಂಥ ಕಪ್ಪು ಟ್ಯಾಟೂ ಹಾಕಿಸಿಕೊಂಡ ಮಗುವಿನ ಕೈಯಲ್ಲಿ ಚಿತ್ತಾರದ ಗೆರೆಯಲ್ಲೇ ಬೊಬ್ಬೆ ಏಳಬಹುದು, ಕಲೆ ಉಳಿಯಬಹುದು. ಆ ಮಗು ದೊಡ್ಡದಾಗಿ ಮೊದಲ ಸಲ ಹೇರ್ ಡೈ ಹಚ್ಚಿದ ದಿನ ಮುಖ ಊದಿಕೊಳ್ಳಬಹುದು.

ಡೈ ಹೊಟ್ಟೆಗೆ ಸೇರಿದರೆ ಅದು ಜೀವಕ್ಕೇ ಬರುವ ತುರ್ತು. ದಕ್ಷಿಣ ಭಾರತದ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಇಂಥ ಪ್ರಕರಣಗಳು ಹೊಸವಲ್ಲ. ಸುಡಾನ್, ಮೊರಾಕೊಗಳಲ್ಲೂ ದಾಖಲಾಗಿವೆ. ಮುಖ, ನಾಲಿಗೆ, ಕುತ್ತಿಗೆ ಊದಿ ಉಸಿರಿನ ದಾರಿ ಕಟ್ಟುತ್ತದೆ. ಕೆಲವರಿಗೆ ಗಂಟಲಿನಲ್ಲಿ ರಂಧ್ರ ಮಾಡಿ ಉಸಿರಾಡಿಸಬೇಕಾಗುತ್ತದೆ. ಸ್ನಾಯುಗಳು ಕರಗಿ, ಮೂತ್ರ ಕಪ್ಪುಗಂದು ಬಣ್ಣಕ್ಕೆ ತಿರುಗಿ, ಮೂತ್ರಪಿಂಡ ಸೋಲುತ್ತದೆ. ಹೃದಯಕ್ಕೂ ಪೆಟ್ಟು ಬೀಳುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ, ಆದರೆ ಬೇಗ ಆಸ್ಪತ್ರೆ ಸೇರಿದವರನ್ನು ವೈದ್ಯರು ಉಳಿಸಿದ್ದಾರೆ. ಮನೆಯಲ್ಲಿ ವಾಂತಿ ಮಾಡಿಸುತ್ತ ಕೂರಬಾರದು. 108ಕ್ಕೆ ಕರೆ ಮಾಡಿ, ಪ್ಯಾಕೆಟ್ಟನ್ನೂ ಜೊತೆಗೆ ಒಯ್ಯಬೇಕು. ಮೇಲುನೋಟಕ್ಕೆ ಚೆನ್ನಾಗಿದ್ದಾರೆಂದು ಕಾಯಬಾರದು. ಬದುಕು ಬೇಸರವಾದವರು ಮನೆಯಲ್ಲಿದ್ದರೆ ಡೈ ಅವರ ಕೈಗೆ ಸಿಗದಂತಿಡಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕ್ಯಾನ್ಸರಿನ ಪ್ರಶ್ನೆ

ಆರೊಮ್ಯಾಟಿಕ್ ಡೈಅಮೀನ್ ಕುಟುಂಬದ ಇನ್ನೊಂದು ಅಣು ಬೆಂಜಿಡೀನ್ ಮೂತ್ರಕೋಶದ ಕ್ಯಾನ್ಸರ್ ತರುತ್ತದೆಂಬುದು ಖಚಿತ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಇಂಥ ಗಡ್ಡೆಗಳನ್ನು ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲೇ ಗುರುತಿಸಿದ್ದ. ಆ ಹೆಸರಿನ ನೆರಳು ಪಿಪಿಡಿಯ ಮೇಲೂ ಬಿದ್ದಿದೆ. ಆದರೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಿಪಿಡಿಯನ್ನು 3ನೆಯ ಗುಂಪಿನಲ್ಲಿ ಇಟ್ಟಿದೆ. ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲು ಸಾಕಷ್ಟು ಪುರಾವೆ ಇಲ್ಲ ಎಂದರ್ಥ. ಕ್ಷೌರಿಕ ಮತ್ತು ಕೇಶಾಲಂಕಾರದ ವೃತ್ತಿಯನ್ನು ಮಾತ್ರ ಅದೇ ಸಂಸ್ಥೆ 2ಎ ಗುಂಪಿಗೆ, ಅಂದರೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿದೆ. ತಿಂಗಳಿಗೊಮ್ಮೆ ಹಚ್ಚಿಸಿಕೊಳ್ಳುವವರಿಗಿಂತ ದಿನವಿಡೀ ಹಚ್ಚುವವರ ಬಗ್ಗೆ ನಾವು ಹೆಚ್ಚು ಯೋಚಿಸಬೇಕು.

ಕಾರ್ಖಾನೆಯಲ್ಲಿ ಎಚ್ಚರ

ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮದ ಪ್ರಕಾರ ಎಂಟು ಗಂಟೆಯ ಪಾಳಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಪಿಪಿಡಿ ಸರಾಸರಿ 0.1 ಮಿಲಿಗ್ರಾಂ ಮೀರಬಾರದು. ಜೊತೆಗೆ ಚರ್ಮದ ಮೂಲಕವೂ ಒಳಸೇರುತ್ತದೆಂಬ ಎಚ್ಚರಿಕೆಯಿದೆ. ಹಾಗಾಗಿ ಗಾಳಿ ಶುದ್ಧವಾಗಿದ್ದರಷ್ಟೇ ಸಾಲದು. ಪುಡಿ ಸುರಿಯುವ ಜಾಗದಲ್ಲೇ ದೂಳು ಎಳೆದುಕೊಳ್ಳುವ ವ್ಯವಸ್ಥೆ, ನೈಟ್ರೈಲ್ ಕೈಗವಸು, ದೂಳು ಸೋಸುವ ಮುಖಗವಸು, ಮೈಮುಚ್ಚುವ ಉಡುಪು ಬೇಕು. ಆ ಉಡುಪನ್ನು ಮನೆಗೆ ಒಯ್ದು ಒಗೆಯಬಾರದು, ಮನೆಮಂದಿಗೆ ತಾಗುತ್ತದೆ.

ಬಿಗಿಮುಚ್ಚಳದ ಡ್ರಮ್ಮಿನಲ್ಲಿ, ಬೆಳಕು ಬೀಳದ ತಂಪು ಜಾಗದಲ್ಲಿ, ಪೆರಾಕ್ಸೈಡಿನಂಥ ಉತ್ಕರ್ಷಕಗಳಿಂದ ದೂರ ಇಡಬೇಕು. ಚೆಲ್ಲಿದ ಪುಡಿಯನ್ನು ಪೊರಕೆಯಿಂದ ಗುಡಿಸಬಾರದು: ದೂಳೆದ್ದು ಉಸಿರಿಗೆ ಸೇರುತ್ತದೆ, ದಟ್ಟವಾದರೆ ಕಿಡಿಗೆ ಸಿಡಿಯಲೂಬಹುದು. ಒದ್ದೆ ಬಟ್ಟೆಯಿಂದ ತೆಗೆದು, ಮುಚ್ಚಿದ ಪಾತ್ರೆಗೆ ಹಾಕಬೇಕು. ಚರಂಡಿಗೆ ತೊಳೆದುಬಿಡುವುದಂತೂ ಕೂಡದು. ಜಲಚರಗಳಿಗೆ ಇದು ಕಡುವಿಷ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಹರಿಸಿ ವೈದ್ಯರಲ್ಲಿಗೆ ಹೋಗಬೇಕು. ಕೆಲಸಗಾರನ ತುಟಿ, ಉಗುರು ನೀಲಿಗಟ್ಟಿದರೆ ರಕ್ತ ಆಮ್ಲಜನಕ ಒಯ್ಯಲಾಗದೆ ಸೋಲುತ್ತಿದೆಯೆಂದು ತಿಳಿದು ತಕ್ಷಣ ಹೊರಗೆ ಕರೆತರಬೇಕು.

ಸೆಲೂನಿನಲ್ಲಿ, ಮನೆಯಲ್ಲಿ

1933ರಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಗೂದಲಿನ ಬಣ್ಣ ಹೆಂಗಸರ ಕಣ್ಣು ಕಳೆಯಿತು, ಒಬ್ಬರ ಪ್ರಾಣವನ್ನೂ ತೆಗೆಯಿತು. ಅದರಲ್ಲಿದ್ದದ್ದು ಪಿಪಿಡಿ. 1938ರ ಅಮೆರಿಕದ ಕಾಯ್ದೆ ಸೌಂದರ್ಯವರ್ಧಕಗಳ ಮೇಲೆ ಹಿಡಿತ ತಂದದ್ದರ ಹಿಂದೆ ಇಂಥ ದುರಂತಗಳಿವೆ. ಭಾರತದ ನಿಯಮಗಳೂ ಪಿಪಿಡಿ ಇರುವ ಡೈಗಳ ಮೇಲೆ ಸ್ಥಳೀಯ ಭಾಷೆಯಲ್ಲೂ ಎಚ್ಚರಿಕೆ ಇರಬೇಕೆನ್ನುತ್ತವೆ: ಮೊದಲು ಪರೀಕ್ಷಿಸಿ ನೋಡಿ, ಹುಬ್ಬಿಗೂ ರೆಪ್ಪೆಗೂ ಹಚ್ಚಬೇಡಿ, ಕಣ್ಣು ಹೋಗಬಹುದು. ಐರೋಪ್ಯ ಒಕ್ಕೂಟದಲ್ಲಿ ಬೆರೆಸಿ ಹಚ್ಚುವ ಹೊತ್ತಿಗೆ ಪಿಪಿಡಿ ಶೇ 2 ಮೀರುವಂತಿಲ್ಲ. ಮೀಸೆಗೂ ಹುಬ್ಬಿಗೂ ಒಂದೇ ಬಟ್ಟಲಿನಿಂದ ಬಳಿಯುವ ನಮ್ಮ ರೂಢಿ ನಿಲ್ಲಲೇಬೇಕು.

ಪರೀಕ್ಷೆ ಕಷ್ಟದ್ದಲ್ಲ. ಪ್ರತಿ ಸಲವೂ ಹಚ್ಚುವ 48 ಗಂಟೆ ಮೊದಲು, ಪ್ಯಾಕೆಟ್ಟಿನ ಸೂಚನೆಯಂತೆ, ಕಿವಿಯ ಹಿಂದೆ ಅಥವಾ ಮೊಳಕೈ ಮಡಿಕೆಯಲ್ಲಿ ಚೂರು ಸವರಿ ಕಾಯಬೇಕು. ತುರಿಕೆ, ಕೆಂಪು, ಊತ ಕಂಡರೆ ಆ ಡೈ ನಿಮಗಲ್ಲ. ಹಿಂದೆ ಕಪ್ಪು ಮೆಹಂದಿಯಿಂದ ಬೊಬ್ಬೆ ಬಂದಿದ್ದರೆ ಪರೀಕ್ಷಿಸುವ ಸಾಹಸವೂ ಬೇಡ, ಚರ್ಮವೈದ್ಯರನ್ನು ಕಾಣಿ. ನೆತ್ತಿಯಲ್ಲಿ ಗಾಯವಿದ್ದಾಗ ಹಚ್ಚಬೇಡಿ, ಹೇಳಿದ ಸಮಯಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ. ಉಳಿದ ಪ್ಯಾಕೆಟ್ಟನ್ನು ಮಕ್ಕಳ ಕೈಗೆಟುಕದ ಕಡೆ ಬೀಗ ಹಾಕಿಡಿ.

ಸೆಲೂನು ನಡೆಸುವವರಲ್ಲಿ ಒಂದು ಕೋರಿಕೆ. ಬಣ್ಣ ಹಚ್ಚುವ ಹುಡುಗ ಹುಡುಗಿಯರಿಗೆ ನೈಟ್ರೈಲ್ ಕೈಗವಸು ಕೊಡಿ, ಒಬ್ಬ ಗಿರಾಕಿಗೊಂದು ಜೋಡಿ. ಪುಡಿ ಕಲಸುವ ಜಾಗದಲ್ಲಿ ಕಿಟಕಿ ತೆರೆದಿಡಿ. ಬಣ್ಣ ಹಚ್ಚಿಸಿಕೊಳ್ಳಲು ಕೂರುವ ನೀವೂ, ಅವರು ಬರಿಗೈಯಲ್ಲಿ ಬಟ್ಟಲು ಎತ್ತಿಕೊಂಡರೆ, ಕೈಗವಸು ಹಾಕಿಕೊಂಡು ಬನ್ನಿ ಎಂದು ಕೇಳಿ.