ತೆರಕಣಾಂಬಿ ಮಾರುಕಟ್ಟೆಗೆ ಎಲೆಕ್ಟ್ರಿಕ್ ಗೂಡ್ಸ್ ಗಾಡಿ: ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

“ನಾಲ್ಕು ಲಕ್ಷಕ್ಕೆ ಎಲೆಕ್ಟ್ರಿಕ್ ಏಸ್! ಒಂದು ಚಾರ್ಜಿಗೆ 155 ಕಿ.ಮೀ. ಡೀಸೆಲ್ ಬೇಡ, ಪರ್ಮಿಟ್ ಬೇಡ, ಮೇಲೆ ಸರ್ಕಾರದ ಸಬ್ಸಿಡಿ. ಎಲ್ಲ ರೈತರಿಗೂ ತಲುಪುವವರೆಗೆ ಶೇರ್ ಮಾಡಿ.” ಇಂಥ ಒಂದು ಸಂದೇಶ ನಿಮ್ಮ ಊರಿನ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಒಂದೆರಡು ಮಾತು ನಿಜ, ಒಂದೆರಡು ಅರ್ಧ ಸತ್ಯ, ಉಳಿದದ್ದು ಶುದ್ಧ ಸುಳ್ಳು. ಓದಿ ನಕ್ಕು ಬಿಡುವ ವಿಷಯವೂ ಇದಲ್ಲ. ಇದನ್ನು ನಂಬಿ ಸಾಲ ಮಾಡಿ ಗಾಡಿ ತಂದವರು ನಾಲ್ಕೈದು ವರ್ಷ ಕಂತು ಕಟ್ಟಬೇಕು. ಹಾಗಾಗಿ ನಾವು ಒಂದೊಂದು ಮಾತನ್ನೂ ಬಿಡಿಸಿ ನೋಡೋಣ. ಲೆಕ್ಕಕ್ಕೆ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯನ್ನೇ ಇಟ್ಟುಕೊಳ್ಳೋಣ.

ತೆರಕಣಾಂಬಿಯೇ ಯಾಕೆ?

ಗುಂಡ್ಲುಪೇಟೆ–ಚಾಮರಾಜನಗರ ರಸ್ತೆಯಲ್ಲಿರುವ ಈ ಊರಿನ ಎಪಿಎಂಸಿ ತರಕಾರಿ ಮಾರುಕಟ್ಟೆಗೆ ಸುತ್ತಲಿನ ಹಳ್ಳಿಗಳಿಂದ ಟೊಮೆಟೊ, ಎಲೆಕೋಸು, ಬೀಟ್‌ರೂಟ್, ಬೀನ್ಸ್ ಬರುತ್ತವೆ. ಇಲ್ಲಿಂದ ಕೇರಳ, ತಮಿಳುನಾಡಿಗೆ ಲೋಡ್ ಹೋಗುತ್ತದೆ. ಅಂದರೆ ಇಲ್ಲಿ ಎರಡು ಬಗೆಯ ಸಾಗಣೆ ಇದೆ: ಹೊಲದಿಂದ ಮಾರುಕಟ್ಟೆಗೆ ಹತ್ತಿಪ್ಪತ್ತು ಕಿಲೋಮೀಟರಿನ ಸಣ್ಣ ಓಟ, ಮಾರುಕಟ್ಟೆಯಿಂದ ಗಡಿ ದಾಟುವ ದೊಡ್ಡ ಓಟ. ಎಲೆಕ್ಟ್ರಿಕ್ ಗಾಡಿಯ ವಿಷಯದಲ್ಲಿ ಈ ಎರಡಕ್ಕೂ ಉತ್ತರ ಬೇರೆ ಬೇರೆ. ಫಾರ್ವರ್ಡ್ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ, ಗೊಂದಲ ಶುರುವಾಗುವುದೇ ಅಲ್ಲಿ.

ಸಣ್ಣ, ಸರಳ ಗಾಡಿಗೆ ಬೇಡಿಕೆ ಹೊಸದೇನಲ್ಲ

2005ರಲ್ಲಿ ಟಾಟಾ ಏಸ್ ಬಂದಾಗ ಅದರ ಎರಡು ಸಿಲಿಂಡರ್ ಎಂಜಿನ್ನಿಗೆ ಇದ್ದದ್ದು ಬರೀ 16 ಅಶ್ವಶಕ್ತಿ. ಏಸಿ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ಆದರೂ ಅದು ಹಳ್ಳಿ ಹಳ್ಳಿಗೂ ಹೋಯಿತು. ಆಟೊಕ್ಕಿಂತ ಗಟ್ಟಿ, ಲಾರಿಗಿಂತ ಅಗ್ಗ, ಹೊಲದ ದಾರಿಯಲ್ಲಿ ತಿರುಗುವಷ್ಟು ಚಿಕ್ಕದು ಎಂಬುದೇ ಅದರ ಬಲ. ಜಪಾನಿನ ರೈತರು ಬಳಸುವ ‘ಕೇ’ ಟ್ರಕ್ಕುಗಳದ್ದೂ ಇದೇ ಕಥೆ. ಅಲ್ಲಿನ ಕಾನೂನಿನಂತೆ ಅವು 3.4 ಮೀಟರಿಗಿಂತ ಉದ್ದ ಇರುವಂತಿಲ್ಲ, ಎಂಜಿನ್ 660 ಸಿಸಿ ದಾಟುವಂತಿಲ್ಲ. ದೊಡ್ಡ ದೊಡ್ಡ ಪಿಕಪ್‌ಗಳ ದೇಶವಾದ ಅಮೆರಿಕದಲ್ಲೂ 2025ರ ಏಪ್ರಿಲ್‌ನಲ್ಲಿ ಸ್ಲೇಟ್ ಎಂಬ ಕಂಪನಿ ಕೈಯಲ್ಲಿ ತಿರುಗಿಸುವ ಕಿಟಕಿಯ, ಸ್ಟೀರಿಯೊ ಇಲ್ಲದ, ಬಣ್ಣವನ್ನೂ ಬಳಿಯದ ಎಲೆಕ್ಟ್ರಿಕ್ ಪಿಕಪ್ ತೋರಿಸಿತು. ದುಡಿಯುವ ಗಾಡಿಗೆ ಟಚ್‌ಸ್ಕ್ರೀನ್ ಯಾಕೆ ಎಂದು ಕೇಳುವವರು ಎಲ್ಲ ದೇಶದಲ್ಲೂ ಇದ್ದಾರೆ.

ನಮ್ಮಲ್ಲಿ 2022ರಲ್ಲಿ ಏಸ್ ಇವಿ, 2024ರ ಅಕ್ಟೋಬರ್‌ನಲ್ಲಿ ಮಹೀಂದ್ರ ಜಿಯೋ, 2025ರ ಜೂನ್‌ನಲ್ಲಿ ಟಾಟಾ ಏಸ್ ಪ್ರೊ ಬಂದವು. ಸದ್ಯದ ಫಾರ್ವರ್ಡ್‌ನ ಬೇರು ಇರುವುದು ಈ ಕೊನೆಯದರಲ್ಲಿ.

“ನಾಲ್ಕು ಲಕ್ಷಕ್ಕೆ ಸಿಗುತ್ತದೆ” – ಸುಳ್ಳು

ಏಸ್ ಪ್ರೊ ಬಿಡುಗಡೆಯಾದಾಗ ಪ್ರಕಟವಾದ 3.99 ಲಕ್ಷ ರೂಪಾಯಿ ಪೆಟ್ರೋಲ್ ಮಾದರಿಯ ಶೋರೂಂ ಬೆಲೆ. ಅದೇ ದಿನ ಎಲೆಕ್ಟ್ರಿಕ್ ಮಾದರಿಗೆ ಹೇಳಿದ ಬೆಲೆ 6.50 ಲಕ್ಷ. ಯಾರೋ ಪೆಟ್ರೋಲಿನ ಬೆಲೆಯನ್ನು ಎಲೆಕ್ಟ್ರಿಕ್ ಗಾಡಿಯ ಫೋಟೊಗೆ ಅಂಟಿಸಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್, ಡೀಸೆಲ್ ಗೂಡ್ಸ್ ಗಾಡಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ ಗಾಡಿಗೆ ಆಗಲೇ ಶೇ 5 ಇತ್ತು, ಹಾಗೇ ಉಳಿಯಿತು. ಅಂದರೆ ಇವೆರಡರ ನಡುವಿನ ಅಂತರ ಇನ್ನಷ್ಟು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಇನ್ನೊಂದು ಎಚ್ಚರಿಕೆ: ಬ್ಯಾಟರಿ ಬಿಟ್ಟು ಬೆಲೆ ಹೇಳುವ ಜಾಹೀರಾತುಗಳೂ ಇರುತ್ತವೆ. ಅಲ್ಲಿ ಗಾಡಿ ನಿಮ್ಮದು, ಬ್ಯಾಟರಿಗೆ ಪ್ರತಿ ತಿಂಗಳು ಅಥವಾ ಪ್ರತಿ ಕಿಲೋಮೀಟರಿಗೆ ಬಾಡಿಗೆ. “ಇದು ಬ್ಯಾಟರಿ ಸೇರಿದ ಬೆಲೆಯೇ?” ಎಂದು ಮೊದಲು ಕೇಳಿ.

“ಕೇಂದ್ರದ ಸಬ್ಸಿಡಿ ಇದೆ” – ಸುಳ್ಳು

2024ರ ಅಕ್ಟೋಬರ್‌ನಲ್ಲಿ ಶುರುವಾದ ಪಿಎಂ ಇ–ಡ್ರೈವ್ ಯೋಜನೆಯ ಒಟ್ಟು ಮೊತ್ತ 10,900 ಕೋಟಿ ರೂಪಾಯಿ. ಅದರಲ್ಲಿ ಟ್ರಕ್ಕುಗಳಿಗೂ ಪಾಲಿದೆ ಎಂಬುದು ನಿಜ. ಆದರೆ ಅದು ಒಟ್ಟು ತೂಕ 3.5 ಟನ್ ಮೀರಿದ ಟ್ರಕ್ಕುಗಳಿಗೆ. ಏಸ್ ಪ್ರೊ, ಜಿಯೋ ಮುಂತಾದ ಸಣ್ಣ ನಾಲ್ಕು ಚಕ್ರದ ಗಾಡಿಗಳು ಅದಕ್ಕಿಂತ ಕೆಳಗಿನ ವರ್ಗದವು. ದೊಡ್ಡ ಟ್ರಕ್ಕಿನ ಸುದ್ದಿಯನ್ನು ಸಣ್ಣ ಗಾಡಿಗೆ ಜೋಡಿಸಿದ್ದಾರೆ ಅಷ್ಟೆ.

ಸಂದೇಶದ ಕೊನೆಯಲ್ಲಿ “ಸಬ್ಸಿಡಿಗೆ ಇಲ್ಲಿ ನೋಂದಾಯಿಸಿ” ಎಂಬ ಲಿಂಕ್ ಇದ್ದರೆ ಒತ್ತಬೇಡಿ. ಆಧಾರ್, ಪಹಣಿ, ಬ್ಯಾಂಕ್ ವಿವರ, ಒಟಿಪಿ ಯಾವುದನ್ನೂ ಕೊಡಬೇಡಿ.

“ಪರ್ಮಿಟ್ ಬೇಡ” – ನಿಜ, ಆದರೆ ಪೂರ್ತಿ ಅಲ್ಲ

ಬ್ಯಾಟರಿಯಿಂದ ಓಡುವ ಸಾರಿಗೆ ವಾಹನಗಳಿಗೆ ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲೇ ಪರ್ಮಿಟ್ ವಿನಾಯಿತಿ ಕೊಟ್ಟಿದೆ. ಆದರೆ ನೋಂದಣಿ, ವಿಮೆ, ಎಫ್‌ಸಿ, ಲೈಸೆನ್ಸ್ ಎಲ್ಲವೂ ಬೇಕೇ ಬೇಕು. ಹಸಿರು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ ಓಡುವ ಎಲೆಕ್ಟ್ರಿಕ್ ಗಾಡಿ. ಲೈಸೆನ್ಸ್ ಬಗ್ಗೆ ಒಂದು ಒಳ್ಳೆಯ ಸುದ್ದಿ ಇದೆ: ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಮೀರದ ಸಾರಿಗೆ ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

“ಒಂದು ಚಾರ್ಜಿಗೆ 155 ಕಿ.ಮೀ.” – ಅರ್ಧ ಸತ್ಯ

ಕಂಪನಿ ಹೇಳುವ ಈ ಅಂಕಿ ಪ್ರಮಾಣೀಕೃತ ಪರೀಕ್ಷೆಯಲ್ಲಿ ಸಿಕ್ಕಿದ್ದು. ನಮ್ಮ ರಸ್ತೆಯಲ್ಲಿ ಏರು, ಹೊಂಡ, ಬಿಸಿಲು, ಪೂರ್ತಿ ಲೋಡ್ ಎಲ್ಲ ಇರುತ್ತವೆ. ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 100 ಕಿ.ಮೀ. ಎಂದು ಲೆಕ್ಕ ಹಾಕಿಕೊಳ್ಳುವುದು ಜಾಣತನ. ಏಸ್ ಪ್ರೊ ಎಲೆಕ್ಟ್ರಿಕ್ ಮಾದರಿಯ ಭಾರದ ಮಿತಿ 750 ಕೆ.ಜಿ. ಟೊಮೆಟೊ ತುಂಬಿದ ಒಂದು ಕ್ರೇಟ್ ಸುಮಾರು 25 ಕೆ.ಜಿ. ಎಂದರೂ ಮೂವತ್ತಕ್ಕೆ ಮಿತಿ ಮುಗಿಯಿತು. “ಇನ್ನು ಹತ್ತು ಹಾಕು, ಏನಾಗಲ್ಲ” ಎಂದರೆ ಮೊದಲು ಕುಸಿಯುವುದು ಈ ಕಿಲೋಮೀಟರ್ ಲೆಕ್ಕವೇ.

ಈಗ ತೆರಕಣಾಂಬಿಯಿಂದ ಅಳೆಯಿರಿ. ಚಾಮರಾಜನಗರಕ್ಕೆ ಹೋಗಿ ಬರಲು 50 ಕಿ.ಮೀ. ಆಸುಪಾಸು: ಆರಾಮ. ಗುಂಡ್ಲುಪೇಟೆಗೆ ದಿನಕ್ಕೆ ಎರಡು ಮೂರು ಟ್ರಿಪ್: ಆರಾಮ. ಮೈಸೂರಿಗೆ ಹೋಗುವುದೇ ಸುಮಾರು 70 ಕಿ.ಮೀ., ಅಲ್ಲಿ ಚಾರ್ಜ್ ಮಾಡದೆ ವಾಪಸ್ ಬರುವುದು ಕಷ್ಟ. ಸುಲ್ತಾನ್ ಬತ್ತೇರಿಗೆ ಹೋಗಿ ಬರಲು 130 ಕಿ.ಮೀ. ಆಸುಪಾಸು, ನಡುವೆ ಬಂಡೀಪುರದ ಕಾಡು. ಲೋಡ್ ತುಂಬಿಕೊಂಡು ಒಂದೇ ಚಾರ್ಜಿನಲ್ಲಿ ಆಗುವ ಮಾತಲ್ಲ.

“ಘಾಟಿ ಇಳಿದರೆ ಬ್ಯಾಟರಿ ತಾನೇ ತುಂಬುತ್ತದೆ” – ಉತ್ಪ್ರೇಕ್ಷೆ

ಇಳಿಜಾರಿನಲ್ಲಿ ಮೋಟಾರು ಡೈನಮೊ ಆಗಿ ಸ್ವಲ್ಪ ವಿದ್ಯುತ್ ಹಿಂದಿರುಗಿಸುತ್ತದೆ ಎಂಬುದು ನಿಜ. ಎಷ್ಟು? ಲೋಡ್ ಸೇರಿ 1,600 ಕೆ.ಜಿ. ತೂಗುವ ಗಾಡಿ 700 ಮೀಟರ್ ಎತ್ತರದಿಂದ ಇಳಿದರೆ ಸಿಗಬಹುದಾದ ಒಟ್ಟು ಶಕ್ತಿ ಸುಮಾರು 3 ಯೂನಿಟ್. ಗಾಳಿ, ಟೈರು, ಬ್ರೇಕಿನಲ್ಲಿ ಹೋಗುವುದನ್ನು ಕಳೆದರೆ ಅರ್ಧ ಉಳಿದರೆ ಹೆಚ್ಚು, ಅಂದರೆ ಸುಮಾರು 10 ಕಿ.ಮೀ. ಓಟಕ್ಕೆ ಆಗುವಷ್ಟು. ಅದೇ ಘಾಟಿಯನ್ನು ಲೋಡ್ ಸಮೇತ ಹತ್ತುವಾಗ ಮಾಮೂಲಿ ಖರ್ಚಿನ ಮೇಲೆ 3 ಯೂನಿಟ್‌ಗೂ ಹೆಚ್ಚು ಬೇಕು. ಇಳಿವಾಗ ಬಂದದ್ದು ಹತ್ತುವಾಗ ಬಡ್ಡಿ ಸಮೇತ ಹೋಗುತ್ತದೆ.

“ಸದ್ದಿಲ್ಲದ ಗಾಡಿ, ಬಂಡೀಪುರದಲ್ಲಿ ರಾತ್ರಿಯೂ ಬಿಡುತ್ತಾರೆ” – ಸುಳ್ಳು

ಬಂಡೀಪುರದ ಮೂಲಕ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದ ಇದೆ. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳು ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಈ ನಿಷೇಧ ಬಂದದ್ದು ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಡೆಯಲು. ಗಾಡಿ ಡೀಸೆಲ್ಲಿನದೋ ಕರೆಂಟಿನದೋ ಎಂಬುದು ಜಿಂಕೆಗೆ ವ್ಯತ್ಯಾಸ ಮಾಡುವುದಿಲ್ಲ.

“ಬಿಸಿಲಿಗೆ ಸಿಡಿಯುತ್ತದೆ, ಮಳೆಗೆ ಶಾಕ್ ಹೊಡೆಯುತ್ತದೆ” – ಇದು ಎದುರು ಬಣದ ಸುಳ್ಳು

2022ರಲ್ಲಿ ಕೆಲವು ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದದ್ದು ನಿಜ. ಆಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತಾ ನಿಯಮಗಳನ್ನು ಬಿಗಿ ಮಾಡಿತು. ಏಸ್ ಇವಿಯಂಥ ಗಾಡಿಯಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಿಸಿ ತಡೆಯುವುದರಲ್ಲಿ ಬೇರೆ ಲಿಥಿಯಂ ಬಗೆಗಳಿಗಿಂತ ವಾಸಿ. ಬ್ಯಾಟರಿಗೆ ಐಪಿ67 ಎಂಬ ಗುರುತಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಪರೀಕ್ಷಿಸಲಾಗಿದೆ ಎಂದರ್ಥ. ಅಪಾಯ ಹೆಚ್ಚಾಗಿ ಇರುವುದು ಸಡಿಲ ವೈರಿಂಗ್, ಅರ್ತಿಂಗ್ ಇಲ್ಲದ ಪ್ಲಗ್ ಪಾಯಿಂಟಿನಲ್ಲಿ.

ಯಾರೂ ಹೇಳದ ವಿಷಯ: ಕರೆಂಟ್ ಬಿಲ್

ಏಸ್ ಪ್ರೊ ಎಲೆಕ್ಟ್ರಿಕ್‌ನ ಬ್ಯಾಟರಿ 14.4 ಯೂನಿಟ್. ಚಾರ್ಜಿಂಗಿನಲ್ಲಿ ಸೋರುವುದೂ ಸೇರಿ ಮೀಟರಿನಲ್ಲಿ 16 ಯೂನಿಟ್ ದಾಟುತ್ತದೆ. ಯೂನಿಟ್ಟಿಗೆ ಸುಮಾರು 6 ಕಿ.ಮೀ. ಎಂದಿಟ್ಟುಕೊಳ್ಳಿ. ದಿನಕ್ಕೆ 70 ಕಿ.ಮೀ., ತಿಂಗಳಿಗೆ 25 ದಿನ ಓಡಿಸಿದರೆ 290 ಯೂನಿಟ್. ಗೃಹಜ್ಯೋತಿಯ ಮಿತಿ 200 ಯೂನಿಟ್. ಅದು ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಮನೆಯ ಮೀಟರಿಗೇ ಗಾಡಿ ಹಾಕಿದರೆ ಮನೆಗೆ ಸಿಗುತ್ತಿದ್ದ ಉಚಿತ ಕರೆಂಟೂ ಹೋಗುತ್ತದೆ.

“ಪಂಪ್‌ಸೆಟ್ ಕರೆಂಟ್ ಹೇಗೂ ಉಚಿತ, ಅದಕ್ಕೇ ಹಾಕಿದರಾಯಿತು” ಎಂಬ ಸಲಹೆಯನ್ನಂತೂ ಕೇಳಲೇಬೇಡಿ. ಆ ಸಂಪರ್ಕ ನೀರೆತ್ತುವುದಕ್ಕೆ ಮಾತ್ರ. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ದಂಡ ಬೀಳುತ್ತದೆ. ವಾಹನ ಚಾರ್ಜಿಂಗಿಗೆ ಬೇರೆ ದರವೇ ಇದೆ. ಸೆಸ್ಕ್ ಕಚೇರಿಯಲ್ಲಿ ಕೇಳಿ ಪ್ರತ್ಯೇಕ ಮೀಟರ್ ಹಾಕಿಸಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಯಾರಿಗೆ ಲಾಭ?

ಪೆಟ್ರೋಲ್ ಲೀಟರಿಗೆ 102 ರೂಪಾಯಿ, ಲೋಡ್ ಗಾಡಿಗೆ 17 ಕಿ.ಮೀ. ಮೈಲೇಜ್ ಎಂದರೆ ಕಿಲೋಮೀಟರಿಗೆ 6 ರೂಪಾಯಿ. ಕರೆಂಟ್ ಯೂನಿಟ್ಟಿಗೆ 8 ರೂಪಾಯಿ ಎಂದರೆ ಕಿಲೋಮೀಟರಿಗೆ 1.35 ರೂಪಾಯಿ. ಉಳಿತಾಯ ಸುಮಾರು 4.65. ಬಿಡುಗಡೆಯ ಬೆಲೆಯಲ್ಲಿ ಎರಡು ಮಾದರಿಗಳ ಅಂತರ 2.51 ಲಕ್ಷ. ಅದು ವಾಪಸ್ ಬರಲು ಸುಮಾರು 54 ಸಾವಿರ ಕಿ.ಮೀ. ಓಡಬೇಕು.

ಹತ್ತಾರು ರೈತರ ಮಾಲು ಹೊತ್ತು ದಿನಕ್ಕೆ 70 ಕಿ.ಮೀ. ಓಡುವ ಬಾಡಿಗೆ ಗಾಡಿಯವರಿಗೆ ಇದು ಎರಡೂವರೆ ವರ್ಷದ ಮಾತು. ತಮ್ಮ ಎರಡೆಕರೆಯ ಫಸಲಿಗೆ ಮಾತ್ರ ದಿನಕ್ಕೆ 25 ಕಿ.ಮೀ. ಓಡಿಸುವವರಿಗೆ ಏಳು ವರ್ಷ ದಾಟುತ್ತದೆ. ಸಾಲದ ಬಡ್ಡಿ ಸೇರಿಸಿದರೆ ಇನ್ನೂ ಹೆಚ್ಚು. ಕೇರಳದ ಓಟದವರಿಗೆ ಈ ಬ್ಯಾಟರಿಯೇ ಸಾಲದು. ಸಂದೇಶ ಕರೆಯುವುದು ಸಣ್ಣ ರೈತರನ್ನು, ಲಾಭ ಇರುವುದು ಊರೊಳಗೆ ಬಾಡಿಗೆ ಹೊಡೆಯುವವರಿಗೆ.

ಸಹಿ ಹಾಕುವ ಮುನ್ನ

ಒಂದು ವಾರ ನಿಮ್ಮ ಈಗಿನ ಗಾಡಿ ದಿನಕ್ಕೆ ಎಷ್ಟು ಕಿ.ಮೀ. ಓಡಿತು ಎಂದು ಬರೆದಿಡಿ. ದಿನವೂ 60ರಿಂದ 90ರ ನಡುವೆ ಇದ್ದರೆ ಮಾತ್ರ ಶೋರೂಮಿಗೆ ಹೋಗಿ. ಖಾಲಿ ಗಾಡಿಯಲ್ಲಿ ಟ್ರಯಲ್ ಬೇಡ, ಲೋಡ್ ಹಾಕಿ ನಿಮ್ಮದೇ ದಾರಿಯಲ್ಲಿ ಓಡಿಸಿ ನೋಡಿ. ಬ್ಯಾಟರಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿ.ಮೀ. ಎಂದು ಬರಹದಲ್ಲಿ ಪಡೆಯಿರಿ. ಕೆಟ್ಟು ನಿಂತರೆ ರಿಪೇರಿಗೆ ಚಾಮರಾಜನಗರವೋ ಮೈಸೂರೋ ಎಂದು ಕೇಳಿ.

ಆ ಫಾರ್ವರ್ಡ್ ಮತ್ತೆ ಬಂದರೆ ಕಳಿಸಿದವರನ್ನು ಬೈಯಬೇಡಿ, ಹೆಚ್ಚಿನವರು ಒಳ್ಳೆಯದಾಗಲಿ ಎಂದೇ ಕಳಿಸಿರುತ್ತಾರೆ. “ಅಣ್ಣ, ನಾಲ್ಕು ಲಕ್ಷ ಪೆಟ್ರೋಲ್ ಗಾಡಿಗೆ, ಕರೆಂಟಿನದಕ್ಕೆ ಆರೂವರೆ” ಎಂದು ಒಂದು ಸಾಲು ಬರೆದರೆ ಸಾಕು.