ಪೊರಕೆಗೆ ಮೊದಲು ನೀರು

ಹೋದ ವರ್ಷ ನನ್ನ ಲ್ಯಾಪ್‌ಟಾಪ್ ಬಿಸಿಯಾಗಿ ಪದೇ ಪದೇ ಆಫ್ ಆಗ್ತಿತ್ತು. ದೊಡ್ಡಬಳ್ಳಾಪುರದ ರಿಪೇರಿ ಅಂಗಡಿಯ ಹುಡುಗ ಹಿಂದಿನ ಮುಚ್ಚಳ ಬಿಚ್ಚಿ, ಫ್ಯಾನಿನ ಮೇಲೆ ಬೆರಳಾಡಿಸಿ, "ಸಾರ್, ಮನೇಲಿ ಟೈಲ್ಸ್ ಕೆಲಸ ನಡೀತಿದೆಯಾ?" ಅಂದ. ಬೆರಳ ತುದಿ ಬೆಳ್ಳಗಾಗಿತ್ತು. ಟೈಲ್ಸ್ ಕೆಲಸ ಯಾವುದೂ ಇರಲಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಹೆಂಡತಿ ಜೇಡಿಮಣ್ಣಿನಲ್ಲಿ ಬಟ್ಟಲು, ಹೂಕುಂಡ ಮಾಡ್ತಾಳೆ. ಅದೇ ಕೋಣೆಯ ಮೂಲೆಯಲ್ಲಿ ನನ್ನ ವರ್ಕ್ ಫ್ರಮ್ ಹೋಮ್ ಮೇಜು. ಎರಡರ ನಡುವೆ ನಾಲ್ಕು ವರ್ಷದ ಮಗಳ ಆಟ. ಲ್ಯಾಪ್‌ಟಾಪಿನೊಳಗೆ ಇಷ್ಟು ಹೋಗಿದ್ದರೆ ನಮ್ಮೊಳಗೆ ಎಷ್ಟು ಹೋಗಿರಬಹುದು ಅನ್ನೋ ಪ್ರಶ್ನೆ ಅವತ್ತು ರಾತ್ರಿ ನಿದ್ದೆ ಕೊಡಲಿಲ್ಲ. ಹಾಗೆ ಶುರುವಾದ ಓದು ನನ್ನನ್ನು ಮುನ್ನೂರು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು.

ಹದಿನೆಂಟನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಕುಂಬಾರರಿಗೆ ಬಿಳಿ ಪಾತ್ರೆ ಬೇಕಾಗಿತ್ತು. ಚಕಮಕಿ ಕಲ್ಲನ್ನು ಸುಟ್ಟು, ಪುಡಿ ಮಾಡಿ, ಮಣ್ಣಿಗೆ ಬೆರೆಸಿದರೆ ಪಾತ್ರೆ ಬೆಳ್ಳಗೆ, ಗಟ್ಟಿಯಾಗಿ ಬರುತ್ತಿತ್ತು. ಆದರೆ ಒಣಗಲ್ಲು ಪುಡಿ ಮಾಡುತ್ತಿದ್ದವರು ಕೆಮ್ಮಿ ಕೆಮ್ಮಿ ಸಾಯತೊಡಗಿದರು. 1726ರಲ್ಲಿ ಥಾಮಸ್ ಬೆನ್ಸನ್ ಎಂಬಾತ ಒಂದು ಪೇಟೆಂಟ್ ಪಡೆದ. ಅದರ ತಿರುಳು ಇಷ್ಟೇ: ಕಲ್ಲನ್ನು ಒಣದಾಗಿ ಅರೆಯಬೇಡಿ, ನೀರಿನಲ್ಲಿ ಅರೆಯಿರಿ. ಒಣಪುಡಿ ಕೆಲಸಗಾರರ ಜೀವ ತೆಗೆಯುತ್ತದೆ ಅನ್ನೋದೂ ಆತನಿಗೆ ಗೊತ್ತಿತ್ತು.

ಅಲ್ಲಿಗೆ ಕಥೆ ಮುಗೀಬೇಕಿತ್ತು. ಮುಗೀಲಿಲ್ಲ. ಅರೆಯುವ ಜಾಗಕ್ಕೆ ನೀರು ಬಂತು, ಉಳಿದ ಕಡೆ ಬರಲಿಲ್ಲ. ಗೂಡಿನಲ್ಲಿ ಪಿಂಗಾಣಿ ಸೊಟ್ಟಗಾಗದಂತೆ ಚಕಮಕಿ ಪುಡಿಯ ಹಾಸಿನ ಮೇಲೆ ಜೋಡಿಸಿ ಸುಡುತ್ತಿದ್ದರು. ಸುಟ್ಟ ಮೇಲೆ ಪುಡಿ ಕೊಡವಿ ತೆಗೆಯುವ ಕೆಲಸ. ಒಣ ಪಾತ್ರೆ ಉಜ್ಜುವುದು, ನೆಲ ಗುಡಿಸುವುದು ಎಲ್ಲ ಹಾಗೇ ನಡೆಯಿತು. 'ಸಿಲಿಕೋಸಿಸ್' ಅನ್ನೋ ಹೆಸರು ಹುಟ್ಟಿದ್ದೇ 1870ರಲ್ಲಿ, ಇಟಲಿಯಲ್ಲಿ. ಬ್ರಿಟನ್ ಆ ಪುಡಿಹಾಸನ್ನು ಕಾನೂನು ಮಾಡಿ ನಿಲ್ಲಿಸಿದ್ದು 1947ರಲ್ಲಿ. ಪರಿಹಾರ ಗೊತ್ತಾದ ಮೇಲೂ 221 ವರ್ಷ!

1947 ನಮಗೂ ಈ ವಿಷಯದಲ್ಲಿ ಮುಖ್ಯವಾದ ವರ್ಷ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾಗಿದ್ದು ಅದೇ ವರ್ಷ, ನಮ್ಮ ಪಕ್ಕದ ಕೋಲಾರದ ಚಿನ್ನದ ಗಣಿಯಿಂದ ಅಂತ ವೈದ್ಯಕೀಯ ಪಠ್ಯಗಳು ಹೇಳುತ್ತವೆ. ಪರೀಕ್ಷೆಗೊಳಗಾದ ಸಾವಿರಾರು ಕೆಲಸಗಾರರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು. ಗಣಿಗಳಿಗೂ ಉತ್ತರ ಸಿಕ್ಕಿದ್ದು ನೀರಿನಲ್ಲೇ: ಡ್ರಿಲ್ಲಿನ ಮೂತಿಗೆ ನೀರು ಹಾಯಿಸುತ್ತಾ ಬಂಡೆ ಕೊರೆಯುವುದು.

ಗಣಿಗೂ ನಮ್ಮನೆ ಬಟ್ಟಲಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಬೆಣಚುಕಲ್ಲು. ಜೇಡಿಮಣ್ಣಿನಲ್ಲಿ ಅದು ಸಣ್ಣ ಕಣಗಳಾಗಿ ಇದ್ದೇ ಇರುತ್ತೆ. ಹೊಳಪಿನ ಲೇಪಕ್ಕಂತೂ ಅದರ ಪುಡಿಯನ್ನೇ ಬೆರೆಸುತ್ತಾರೆ. ಕಣ್ಣಿಗೆ ಕಾಣುವ ಧೂಳು ಬೇಗ ನೆಲಕ್ಕೆ ಬೀಳುತ್ತೆ, ಮೂಗಲ್ಲೂ ಸಿಕ್ಕಿಕೊಳ್ಳುತ್ತೆ. ಕೂದಲಿನ ದಪ್ಪದಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲದ ಕಣಗಳೇ ಅಪಾಯ. ಅವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲಿ, ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ದೇಹದ ಕಾವಲು ಜೀವಕೋಶಗಳು ಅವನ್ನು ನುಂಗಿ, ಕರಗಿಸಲಾಗದೆ ಸಾಯುತ್ತವೆ. ಆ ಜಾಗ ಗಾಯದ ಕಲೆಯಂತೆ ಗಡುಸಾಗುತ್ತೆ. ಎಷ್ಟೋ ಸಲ ಇದನ್ನು ಕ್ಷಯ ಅಂದುಕೊಳ್ಳುವುದೂ ಉಂಟು. ಗಡುಸಾದದ್ದನ್ನು ಮತ್ತೆ ಸರಿಮಾಡುವ ಔಷಧಿ ಇಲ್ಲ.

ನಮ್ಮೂರ ಕುಂಬಾರರ ಕೇರಿ ನನಗೆ ಚೆನ್ನಾಗಿ ನೆನಪಿದೆ. ಕೆರೆಯ ಜೇಡಿ ತಂದು, ನೆನೆಹಾಕಿ, ತುಳಿದು, ತಿಗರಿಗೆ ಏರಿಸುತ್ತಿದ್ದರು. ಒಣ ಹೆಂಟೆ ಕುಟ್ಟುವಾಗ ಅವರಿಗೂ ಧೂಳು ಇತ್ತು, ಆವಿಗೆಯ ಹೊಗೆಯೂ ಇತ್ತು. ಆದರೆ ಕೆಲಸ ಬಯಲಲ್ಲಿ, ಹುಣಸೆ ಮರದ ಕೆಳಗೆ. ಕಾಲ ಬದಲಾಯಿತು. ಟಾಟಾ ಇನ್‌ಸ್ಟಿಟ್ಯೂಟ್ ಬಳಿ ಮೈಸೂರು ಸರ್ಕಾರದ ಪಿಂಗಾಣಿ ಕಾರ್ಖಾನೆ ಬಂತು. ಮುಂದೆ ಅದು ಬಿಎಚ್‌ಇಎಲ್‌ಗೆ ಸೇರಿ ವಿದ್ಯುತ್ ಇನ್ಸುಲೇಟರ್ ಮಾಡಿತು. ಇಂಥ ಕಾರ್ಖಾನೆಗಳು ಬಳಸುವ ಬಿಳಿಮಣ್ಣು, ಫೆಲ್ಡ್‌ಸ್ಪಾರ್, ಬೆಣಚು ಪುಡಿ ಈಗ ಚೀಲದಲ್ಲಿ ಮನೆ ಬಾಗಿಲಿಗೇ ಬರುತ್ತೆ. ನಾವು ಅದನ್ನು ಕಿಟಕಿ ಮುಚ್ಚಿದ ಹತ್ತು ಬೈ ಹನ್ನೆರಡರ ಕೋಣೆಯಲ್ಲಿ ಬಿಚ್ಚುತ್ತೇವೆ, ಮೇಲೆ ಫ್ಯಾನ್ ಬೇರೆ.

1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು ಅಂದಿತು. ಆದರೆ ಆ ಕಾಯ್ದೆ ಇದ್ದದ್ದು ಕರೆಂಟ್ ಬಳಸಿ ಹತ್ತು ಜನ, ಇಲ್ಲದಿದ್ದರೆ ಇಪ್ಪತ್ತು ಜನ ಕೆಲಸ ಮಾಡುವ ಜಾಗಕ್ಕೆ. ನಮ್ಮ ಹಿಂದಿನ ಕೋಣೆಗೆ ಯಾವ ಇನ್‌ಸ್ಪೆಕ್ಟರೂ ಬರೋದಿಲ್ಲ. ತಮಾಷೆ ಅಂದರೆ, ಕೆಲಸದಿಂದ ಬರುವ ಕಾಯಿಲೆಗಳನ್ನೇ ಅಧ್ಯಯನ ಮಾಡುವ ಐಸಿಎಂಆರ್‌ನ ಪ್ರಾದೇಶಿಕ ಕೇಂದ್ರ ಇರುವುದು ನಮ್ಮ ಜಿಲ್ಲೆಯಲ್ಲೇ, ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದ ಹತ್ತಿರ. ಆಫೀಸಿನ ಕ್ಯಾಬಿನಲ್ಲಿ ಎಷ್ಟು ಸಲ ಆ ಕಡೆ ಹಾದುಹೋಗಿದ್ದೆನೋ!

ಹೆದರಿಸೋದು ನನ್ನ ಉದ್ದೇಶ ಅಲ್ಲ. ವಾರಕ್ಕೆರಡು ದಿನ ಮಣ್ಣು ಮುಟ್ಟುವವರನ್ನು ಇಪ್ಪತ್ತು ವರ್ಷ ಗಣಿಯಲ್ಲಿ ದುಡಿದವರ ಜೊತೆ ಹೋಲಿಸಲಾಗದು. ಆದರೆ ತಪ್ಪಿಸಿಕೊಳ್ಳುವ ದಾರಿ ಇಷ್ಟು ಸುಲಭ ಇರುವಾಗ ಉಡಾಫೆ ಯಾಕೆ? ನನ್ನ ಮೇಜು ಬೇರೆ ಕೋಣೆಗೆ ಹೋಯಿತು, ಮಗಳ ಆಟವೂ ಹೊರಗೆ ಬಂತು. ಪುಡಿ ಬೆರೆಸುವುದು ಈಗ ಹಿತ್ತಲಲ್ಲಿ, ಎನ್95 ಮಾಸ್ಕ್ ಹಾಕಿಕೊಂಡು, ಗಾಳಿಗೆ ಬೆನ್ನು ಕೊಟ್ಟು. ನೀರಿಗೆ ಪುಡಿ ಹಾಕುತ್ತೇವೆ, ಪುಡಿಗೆ ನೀರಲ್ಲ. ಒಣಗಿದ ಬಟ್ಟಲಿಗೆ ಮರಳುಕಾಗದ ಬಂದ್. ಅರೆಹಸಿ ಇರುವಾಗಲೇ ಒದ್ದೆ ಸ್ಪಂಜಿನಲ್ಲಿ ನಯ ಮಾಡುತ್ತಾಳೆ. ಮಾಮೂಲಿ ವ್ಯಾಕ್ಯೂಮ್ ಕ್ಲೀನರೂ ಬೇಡ; ಅದು ಸಣ್ಣ ಕಣಗಳನ್ನು ಹಿಂದಿನಿಂದ ಮತ್ತೆ ಕೋಣೆಗೇ ಊದುತ್ತೆ. ಮಣ್ಣು ಮೆತ್ತಿದ ಏಪ್ರನ್ನನ್ನು ಕೊಡವದೆ ನೇರ ನೀರಿಗೆ ಹಾಕುತ್ತೇವೆ.

ನಮ್ಮಜ್ಜಿ ಅಂಗಳ ಗುಡಿಸುವ ಮುಂಚೆ ನೀರು ಚಿಮುಕಿಸದೆ ಪೊರಕೆ ಮುಟ್ಟುತ್ತಿರಲಿಲ್ಲ. "ಧೂಳ್ ಎಬ್ಬಿಸಬೇಡ್ವೋ, ಮೊದ್ಲು ನೀರಾಕು" ಅಂತ ನನಗೂ ಬೈದಿದ್ದಾಳೆ. ಮಣ್ಣಿನ ಕೋಣೆಗೆ ಚಿಮುಕಿಸಿದರೆ ಸಾಲದು, ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಕು. ಪೊರಕೆ ಒಳಗೆ ಬರುವ ಹಾಗೇ ಇಲ್ಲ. ಈಗ ದಿನಾ ಸಂಜೆ ಒರೆಸುವ ಕೆಲಸ ನನ್ನದು. ಬಟ್ಟೆ ಹಿಂಡಿದ ಬಕೆಟನ್ನು ರಾತ್ರಿಯಿಡೀ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಮೇಲಿನ ತಿಳಿನೀರು ಚೆಲ್ಲಿದರೆ ತಳದಲ್ಲಿ ಬೆಳ್ಳಗೆ ಒಂದು ಪದರ ಕೂತಿರುತ್ತೆ. ಅದನ್ನು ಒದ್ದೆಯಾಗಿರುವಾಗಲೇ ಹಿತ್ತಲ ಗುಂಡಿಗೆ ಹಾಕಿ, ಮೇಲೆ ಮಣ್ಣು ಮುಚ್ಚಿ ಬರುತ್ತೇನೆ.